ಅಂಗದೊಡನೆ ಮಾತು: ಆ ಪದ್ಧತಿ ನಮ್ಮವರೆಗೆ ಬಂದ ಹಾದಿ

ದಾವಣಗೆರೆಯ ವಿದ್ಯಾನಗರದಲ್ಲಿ ಒಂದು ಮನೆಯ ಮಹಡಿಯ ಮೇಲೆ ಬೆಳಗಿನ ಆರು ಗಂಟೆಗೆ ಯೋಗದ ತರಗತಿ ನಡೆಯುತ್ತದೆ. ಆಸನಗಳು ಮುಗಿದ ಮೇಲೆ ಎಲ್ಲರೂ ಶವಾಸನದಲ್ಲಿ ಮಲಗುತ್ತಾರೆ. ಶಿಕ್ಷಕಿ ದನಿ ತಗ್ಗಿಸುತ್ತಾರೆ. "ಯಕೃತ್ತಿನ ಮೇಲೆ ಅಂಗೈ ಇಡಿ. ಇಷ್ಟು ವರ್ಷ ದುಡಿದಿದ್ದಕ್ಕೆ ಅದಕ್ಕೊಂದು ಧನ್ಯವಾದ ಹೇಳಿ. ಅಲ್ಲಿ ಕಟ್ಟಿಕೊಂಡಿರುವ ಸಿಟ್ಟನ್ನು ಉಸಿರಿನೊಂದಿಗೆ ಹೊರಗೆ ಬಿಡಿ." ಕಳೆದ ತಿಂಗಳು ನಾನೂ ಆ ಸಾಲಿನಲ್ಲಿ ಮಲಗಿದ್ದೆ. ಕಣ್ಣು ತೆರೆದು ಪಕ್ಕಕ್ಕೆ ನೋಡಿದರೆ ಅರ್ಧದಷ್ಟು ಮಂದಿಯ ಕೈ ಎಡ ಪಕ್ಕೆಯ ಮೇಲಿತ್ತು. ಯಕೃತ್ತು ಇರುವುದು ಬಲಗಡೆ, ಪಕ್ಕೆಲುಬಿನ ಗೂಡಿನ ಮರೆಯಲ್ಲಿ.

ನನಗೆ ಆಗ ಸಂಕಟವಾಯಿತು. ಅಷ್ಟು ಪ್ರೀತಿಯಿಂದ ಮಾತನಾಡಿಸಲು ಹೊರಟವರಿಗೆ ಅದರ ಮನೆಯ ವಿಳಾಸವನ್ನೇ ಯಾರೂ ಹೇಳಿಕೊಟ್ಟಿರಲಿಲ್ಲ. ಶಿಕ್ಷಕಿಯ ಆ ಮೂರು ವಾಕ್ಯಗಳು ಎಲ್ಲೆಲ್ಲಿಂದ ಬಂದವು ಎಂದು ಹುಡುಕುತ್ತಾ ಹೋದೆ. ಒಂದು ಎಳೆ ಕಲ್ಯಾಣದಿಂದ ಬಂದಿತ್ತು, ಒಂದು ಚೀನಾದಿಂದ, ಇನ್ನೊಂದು ಅಮೆರಿಕದಿಂದ.

ಒಳಾಂಗಗಳ ಜೊತೆಗಿನ ನಂಟು ನಮ್ಮ ಕಡೆಯವರಿಗೆ ಹೊಸದಲ್ಲ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಕರುಳು ಚುರುಕ್ ಎನ್ನುತ್ತದೆ. ಪಕ್ಕದವನ ಅಡಿಕೆ ತೋಟ ಕಂಡರೆ ಹೊಟ್ಟೆ ಉರಿಯುತ್ತದೆ. ಸಿಟ್ಟು ಬಂದರೆ ಪಿತ್ತ ನೆತ್ತಿಗೇರುತ್ತದೆ, ಧೈರ್ಯವಂತನಿಗೆ ಗುಂಡಿಗೆ ಗಟ್ಟಿ. ಅಮ್ಮನ ಗುಡಿಗಳಲ್ಲಿ ಕಣ್ಣುಬೇನೆ ವಾಸಿಯಾದವರು ಇಂದಿಗೂ ಬೆಳ್ಳಿಯ ಕಣ್ಣು ಒಪ್ಪಿಸುತ್ತಾರೆ. ಹೊಟ್ಟೆ ನುಲಿದರೆ "ಬಟ್ಟಿ ಬಿದ್ದಿದೆ" ಎನ್ನುತ್ತಿದ್ದ ನಮ್ಮ ಅಜ್ಜಿ, ಹೊಕ್ಕುಳಿನ ಮೇಲೆ ಮೂರು ಬೆರಳಿಟ್ಟು ಬಡಿತ ಎಲ್ಲಿ ಸಿಗುತ್ತದೆ ಎಂದು ನೋಡಿ, ಹರಳೆಣ್ಣೆ ಹಚ್ಚಿ ನಡುವಿಗೆ ನೀವುತ್ತಿದ್ದರು. ಅವರ ಬೆರಳಿಗೆ ತಾಗುತ್ತಿದ್ದದ್ದು ಹೃದಯದಿಂದ ಇಳಿದು ಬರುವ ಮಹಾಪಧಮನಿಯ ಮಿಡಿತ. ಅದು ಹೊಕ್ಕುಳಿನ ಹತ್ತಿರದಲ್ಲೇ ಎರಡಾಗಿ ಕವಲೊಡೆಯುತ್ತದೆ. ಹೊಕ್ಕುಳಿನ ಬಡಿತ ಜಾಗ ತಪ್ಪಿ ಜಾರುತ್ತದೆ ಎಂಬ ಬಟ್ಟಿಯ ವಿವರಣೆಯನ್ನು ಇಂದಿನ ವೈದ್ಯರು ಒಪ್ಪುವುದಿಲ್ಲ. ಆದರೆ ಆ ಬೆರಳುಗಳಿಗೆ ಸಿಕ್ಕ ಮಿಡಿತ ಮಾತ್ರ ನಿಜವಾದದ್ದು.

ಈ ಸೀಮೆಯಲ್ಲಿ ದೇಹದ ಬಗ್ಗೆ ಎಲ್ಲಕ್ಕಿಂತ ಆಳವಾಗಿ ಬೇರೂರಿರುವ ಮಾತು 12ನೇ ಶತಮಾನದ ಶರಣರದು. ಚಿತ್ರದುರ್ಗ, ಸಿರಿಗೆರೆಗಳ ಮಠದ ಶಾಲೆಗಳಲ್ಲಿ ಓದಿದವರಿಗೆ ಬಸವಣ್ಣನವರ "ಎನ್ನ ಕಾಲೇ ಕಂಬ, ದೇಹವೇ ದೇಗುಲ" ಬಾಯಿಪಾಠವಾಗಿರುತ್ತದೆ. ಅದನ್ನು ಹಾಡಿ ಹಾಡಿ ಅದರ ಧೈರ್ಯ ನಮಗೆ ಕಾಣದಂತಾಗಿದೆ. ಗುಡಿಯೊಳಗೆ ಬಿಟ್ಟುಕೊಳ್ಳದವರ ಮೈಯನ್ನೇ ಗುಡಿಯೆಂದು ಕರೆದ ಮಾತು ಅದು. ಮೈಲಿಗೆ ಎನಿಸಿಕೊಂಡಿದ್ದ ಕಾಲು, ಮೈ, ತಲೆ ಎಲ್ಲವೂ ಅಲ್ಲಿ ಒಂದೇ ಸಲಕ್ಕೆ ಮಡಿಯಾದವು.

ಶರಣರ ಪರಿಭಾಷೆಯಲ್ಲಿ 'ಅಂಗ' ಎಂಬ ಪದಕ್ಕೇ ಎರಡು ಅರ್ಥ. ಕೈಕಾಲುಗಳೂ ಅಂಗ, ಲಿಂಗದೊಡನೆ ಒಂದಾಗಲು ಹಂಬಲಿಸುವ ಜೀವವೂ ಅಂಗ. ಭಕ್ತಿಯ ಆರು ಮೆಟ್ಟಿಲುಗಳನ್ನು ಹೇಳುವ ಷಟ್‌ಸ್ಥಲ ಶಾಸ್ತ್ರ ಮುಂದುವರಿದು ಆರು ಲಿಂಗಗಳಿಗೆ ಮೈಯಲ್ಲಿ ಆರು ನೆಲೆಗಳನ್ನು ಕೊಟ್ಟಿತು: ಆಚಾರಲಿಂಗ ಮೂಗಿನಲ್ಲಿ, ಗುರುಲಿಂಗ ನಾಲಗೆಯಲ್ಲಿ, ಶಿವಲಿಂಗ ಕಣ್ಣಿನಲ್ಲಿ, ಜಂಗಮಲಿಂಗ ಚರ್ಮದಲ್ಲಿ, ಪ್ರಸಾದಲಿಂಗ ಕಿವಿಯಲ್ಲಿ, ಮಹಾಲಿಂಗ ಹೃದಯದಲ್ಲಿ. ಮೂಸುವುದು, ಉಣ್ಣುವುದು, ನೋಡುವುದು, ಮುಟ್ಟುವುದು, ಕೇಳುವುದು ಎಲ್ಲವೂ ಹೀಗೆ ಅರ್ಪಣೆಯಾದವು.

ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಅಲ್ಲಿ ಯಕೃತ್ತಿಲ್ಲ, ಮೂತ್ರಪಿಂಡವಿಲ್ಲ, ಗುಲ್ಮವಿಲ್ಲ. ಹೃದಯವೊಂದನ್ನು ಬಿಟ್ಟರೆ ಉಳಿದವೆಲ್ಲ ಜಗತ್ತಿನ ಕಡೆಗೆ ತೆರೆದ ಬಾಗಿಲುಗಳು. ಶರಣರಿಗೆ ಬೇಕಾಗಿದ್ದದ್ದು ಬಾಳುವೆಯ ಶುದ್ಧಿ, ರೋಗದ ಚಿಕಿತ್ಸೆ ಅವರ ವಿಷಯವಾಗಿರಲಿಲ್ಲ. ವಚನ ಹೇಳಿ ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇವೆ ಎನ್ನುವವರನ್ನು ಕಂಡಾಗ ನನಗೆ ನೋವಾಗುವುದು ಇದಕ್ಕೇ.

ನನ್ನ ತಾಯಿ ಕೊನೆಯ ದಿನಗಳವರೆಗೂ ಇಷ್ಟಲಿಂಗ ಪೂಜೆ ಬಿಡಲಿಲ್ಲ. ಸ್ನಾನ ಮುಗಿಸಿ, ವಿಭೂತಿ ಧರಿಸಿ, ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು ಎದೆಯ ಮಟ್ಟಕ್ಕೆ ಎತ್ತಿ ಹಿಡಿಯುತ್ತಿದ್ದರು. ಕಣ್ಣು ಮಿಟುಕಿಸದ ನೋಟ. ಅವರಿಗೆ ಬೆರಳು ನಡುಗುವ ತೊಂದರೆ ಇತ್ತು. ಚಹಾ ಲೋಟ ಹಿಡಿದರೂ ತುಳುಕುತ್ತಿತ್ತು. ಲಿಂಗ ಅಂಗೈಗೆ ಬಂದ ಸ್ವಲ್ಪ ಹೊತ್ತಿಗೆ ಆ ನಡುಕ ಕಡಿಮೆಯಾಗುವುದನ್ನು ನಾನು ಬಾಗಿಲ ಮರೆಯಿಂದ ಎಷ್ಟೋ ಸಲ ನೋಡಿದ್ದೇನೆ. ಪೂಜೆ ಮುಗಿದ ಮೇಲೆ ಮತ್ತೆ ಶುರುವಾಗುತ್ತಿತ್ತು. ತಾಯಿ ಅದನ್ನು ಎಂದೂ ಚಿಕಿತ್ಸೆ ಎನ್ನಲಿಲ್ಲ. ಗುಳಿಗೆ ಬೇರೆ, ಲಿಂಗಪೂಜೆ ಬೇರೆ ಎಂಬುದು ಅವರಿಗೆ ಸ್ಪಷ್ಟವಾಗಿತ್ತು.

ಒಳಾಂಗಗಳ ಲೆಕ್ಕ ಸಿಗುವುದು ಆಯುರ್ವೇದದಲ್ಲಿ. ಸುಶ್ರುತ ಸಂಹಿತೆಯ ಪ್ರಕಾರ ಗರ್ಭದಲ್ಲಿ ಯಕೃತ್ತು ಮತ್ತು ಗುಲ್ಮ ರಕ್ತದಿಂದ ಹುಟ್ಟುತ್ತವೆ, ಶ್ವಾಸಕೋಶ ರಕ್ತದ ನೊರೆಯಿಂದ. ಹೃದಯವು ಕೆಳಮುಖವಾಗಿ ಬಾಗಿದ ತಾವರೆ ಮೊಗ್ಗು. ಕಾವ್ಯದಂತೆ ಕೇಳಿಸಿದರೂ ಅದನ್ನು ಹೇಳಿದವರು ಹೆಣವನ್ನು ಕಣ್ಣಾರೆ ನೋಡಿದ್ದರು. ಶವವನ್ನು ಹುಲ್ಲು ನಾರುಗಳಲ್ಲಿ ಸುತ್ತಿ, ಗೂಡಿನೊಳಗಿಟ್ಟು, ಹರಿಯುವ ನೀರಿನ ಮರೆಯಾದ ಜಾಗದಲ್ಲಿ ಏಳು ರಾತ್ರಿ ಇಡಬೇಕು. ಆಮೇಲೆ ಲಾವಂಚದ ಬೇರು ಅಥವಾ ಬಿದಿರಿನ ಕುಂಚದಿಂದ ಮೆಲ್ಲಗೆ ಉಜ್ಜುತ್ತಾ ಪದರ ಪದರವಾಗಿ ನೋಡಬೇಕು ಎಂಬ ವಿಧಾನ ಅಲ್ಲಿದೆ. ನೋಡಿ ತಿಳಿಯಬೇಕೆಂಬ ಹಟ ನಮ್ಮ ಪರಂಪರೆಯ ಒಳಗೇ ಇತ್ತು.

ತಂತ್ರಗಳು ಮತ್ತು ಹಠಯೋಗ ಕಟ್ಟಿದ್ದು ಬೇರೆಯೇ ದೇಹ. ಪೂಜೆಗೆ ಕುಳಿತವರು "ಹೃದಯಾಯ ನಮಃ, ಶಿರಸೇ ಸ್ವಾಹಾ" ಎಂದು ಮೈಯ ಒಂದೊಂದು ಭಾಗವನ್ನು ಮುಟ್ಟಿ ಮಂತ್ರವನ್ನು ನೆಲೆಗೊಳಿಸುವ ನ್ಯಾಸ, ನಾಡಿಗಳು, ಕಮಲದಂತಹ ಚಕ್ರಗಳು ಅಲ್ಲಿಯವು. ಇವು ಧ್ಯಾನದಲ್ಲಿ ಕಾಣಬೇಕಾದ ನೆಲೆಗಳು. ಇದನ್ನು ಅಂಗರಚನೆ ಎಂದು ಓದಿದರೆ ಏನಾಗುತ್ತದೆ ಎಂಬುದಕ್ಕೆ ದಯಾನಂದ ಸರಸ್ವತಿಯವರ ಆತ್ಮಕಥೆಯಲ್ಲಿ ಒಂದು ಪ್ರಸಂಗವಿದೆ. 19ನೇ ಶತಮಾನದ ಮಧ್ಯದಲ್ಲಿ, ಗಂಗೆಯಲ್ಲಿ ತೇಲಿಬಂದ ಹೆಣವೊಂದನ್ನು ಅವರು ದಡಕ್ಕೆ ಎಳೆದು, ಚಾಕುವಿನಿಂದ ಸೀಳಿ, ತಮ್ಮಲ್ಲಿದ್ದ ಹಠಯೋಗದ ಗ್ರಂಥಗಳ ವರ್ಣನೆಯೊಂದಿಗೆ ಹೋಲಿಸಿ ನೋಡಿದರು. ಚಕ್ರಗಳು ಸಿಗಲಿಲ್ಲ. ಗ್ರಂಥಗಳನ್ನು ಹರಿದು ಹೆಣದ ಜೊತೆಗೇ ಹೊಳೆಗೆ ಬಿಟ್ಟರು. ಆ ಪ್ರಾಮಾಣಿಕತೆಗೆ ನನ್ನ ನಮಸ್ಕಾರ. ಆದರೂ ಹಾಡಿನಲ್ಲಿರುವ ಚಂದಿರನನ್ನು ದೂರದರ್ಶಕದಲ್ಲಿ ಹುಡುಕಿದಂತಾಯಿತೇನೋ ಎಂಬ ಅಳುಕು ನನಗಿದೆ.

ಇಂದು ಭಿತ್ತಿಚಿತ್ರಗಳಲ್ಲಿ ಕಾಣುವ ಕಾಮನಬಿಲ್ಲಿನ ಬಣ್ಣದ ಏಳು ಚಕ್ರಗಳು, ಒಂದೊಂದಕ್ಕೂ ಒಂದು ಗ್ರಂಥಿ, ಒಂದು ಅಂಗ, ಇದು ತೀರ ಈಚಿನದು. ಬಂಗಾಳದ ಪೂರ್ಣಾನಂದರು 1577ರಲ್ಲಿ ಆರು ಚಕ್ರಗಳನ್ನು ವರ್ಣಿಸಿ ಬರೆದ ಸಂಸ್ಕೃತ ಗ್ರಂಥವನ್ನು ಕಲ್ಕತ್ತೆಯ ನ್ಯಾಯಾಧೀಶ ಜಾನ್ ವುಡ್ರಾಫ್ 1919ರಲ್ಲಿ ಇಂಗ್ಲಿಷಿಗೆ ತಂದರು. 1927ರಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಲೆಡ್‌ಬೀಟರ್ ತಮ್ಮದೇ ದರ್ಶನ ಸೇರಿಸಿದರು. ಕಾಮನಬಿಲ್ಲಿನ ಕ್ರಮ ಗಟ್ಟಿಯಾದದ್ದು 1970ರ ದಶಕದ ಪಶ್ಚಿಮದಲ್ಲಿ. ಅಲ್ಲಿಂದ ಅದು ನಮ್ಮ ಮಹಡಿಗಳಿಗೆ 'ಪ್ರಾಚೀನ ಭಾರತೀಯ ಜ್ಞಾನ'ವಾಗಿ ಮರಳಿ ಬಂತು.

ಯಕೃತ್ತಿನಲ್ಲಿ ಸಿಟ್ಟು ಕಟ್ಟಿಕೊಳ್ಳುತ್ತದೆ ಎಂಬುದು ಚೀನಾದ ಮಾತು. ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ಅಲ್ಲಿನ ವೈದ್ಯಗ್ರಂಥ 'ಹುವಾಂಗ್‌ಡಿ ನೈಜಿಂಗ್' ಯಕೃತ್ತಿಗೆ ಸಿಟ್ಟನ್ನು, ಹೃದಯಕ್ಕೆ ಹರ್ಷವನ್ನು, ಗುಲ್ಮಕ್ಕೆ ಚಿಂತೆಯನ್ನು, ಶ್ವಾಸಕೋಶಕ್ಕೆ ದುಃಖವನ್ನು, ಮೂತ್ರಪಿಂಡಕ್ಕೆ ಭಯವನ್ನು ಹಂಚಿಕೊಡುತ್ತದೆ. ಅಲ್ಲಿ ಹೃದಯ ಅರಸ, ಯಕೃತ್ತು ದಂಡನಾಯಕ. ಒಂದೊಂದು ಅಂಗಕ್ಕೂ ಒಂದೊಂದು ಸದ್ದು ಮಾಡಿ ಉಸಿರು ಬಿಡುವ ದಾವೋ ಪಂಥದ ಅಭ್ಯಾಸವನ್ನು 5-6ನೇ ಶತಮಾನದ ತಾವೊ ಹೋಂಗ್‌ಜಿಂಗ್ ದಾಖಲಿಸಿದ್ದಾನೆ. ಪಿತ್ತ ಕೆರಳಿದರೆ ಕೋಪ ಎಂಬ ನಂಬಿಕೆ ನಮ್ಮಲ್ಲಿ ಮೊದಲೇ ಇದ್ದುದರಿಂದ ಚೀನಾದ ಮಾತು ಇಲ್ಲಿ ಪರಕೀಯ ಅನ್ನಿಸಲಿಲ್ಲ.

ಇನ್ನು ಮಲಗಿ ಮೈಯ ಒಂದೊಂದು ಭಾಗಕ್ಕೆ ಗಮನ ಒಯ್ಯುವುದು. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್ಸನ್ ಸ್ನಾಯುಗಳನ್ನು ಬಿಗಿದು ಸಡಿಲಿಸುವ ಕ್ರಮವನ್ನು 1929ರಲ್ಲಿ ಪ್ರಕಟಿಸಿದರು. ಬಿಹಾರದ ಮುಂಗೇರಿನ ಸತ್ಯಾನಂದ ಸರಸ್ವತಿಯವರು ಹಳೆಯ ನ್ಯಾಸವನ್ನು ಆಧರಿಸಿ ಯೋಗನಿದ್ರೆಯನ್ನು ರೂಪಿಸಿದರು. ಬರ್ಮಾದ ವಿಪಶ್ಯನ ಧ್ಯಾನ ಪರಂಪರೆಯಿಂದ ಕಲಿತ ಜಾನ್ ಕಬಾಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ದೀರ್ಘಕಾಲದ ನೋವಿನ ರೋಗಿಗಳಿಗೆ ಇಂಥದ್ದೇ ಅಭ್ಯಾಸ ಹೇಳಿಕೊಟ್ಟರು. ನಮ್ಮ ತರಗತಿಯ ಶವಾಸನದಲ್ಲಿ ಈ ಮೂವರೂ ಇದ್ದಾರೆ.

ಆದರೆ ಈ ಜಿಲ್ಲೆಗಳ ಹಳ್ಳಿ ಹಳ್ಳಿಗೆ ಯೋಗವನ್ನು ಹೊತ್ತು ತಂದವರು ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ. ಅಲ್ಲಿ ಅನಾಥ ಸೇವಾಶ್ರಮ ಕಟ್ಟಿ, ಜೋಳಿಗೆ ಹಿಡಿದು ಬೇಡಿ, 'ತಿರುಕ' ಎಂಬ ಹೆಸರಿನಲ್ಲಿ ಬರೆದು, ಊರೂರಿನಲ್ಲಿ ಯೋಗ ಶಿಬಿರ ನಡೆಸಿ, ಆಯುರ್ವೇದದ ಔಷಧ ಕೊಟ್ಟು, ನೂರು ದಾಟಿ ಬದುಕಿ 1996ರಲ್ಲಿ ತೀರಿಕೊಂಡರು. ನನಗೆ ಅವರಲ್ಲಿ ಹಿಡಿಸುವುದು ಇದು: ಅವರ ಆಶ್ರಮದಲ್ಲಿ ಆಸನವೂ ಔಷಧವೂ ಒಂದೇ ಸೂರಿನಡಿ ಇದ್ದವು. ಮೈ ಬಗ್ಗಿಸಲು ಕಲಿತವನು ಕಷಾಯವನ್ನೂ ಕುಡಿಯುತ್ತಿದ್ದ.

ವಿಜ್ಞಾನ ಈ ಒಳಗಿನ ಕೇಳುವಿಕೆಗೆ ಹೆಸರಿಟ್ಟದ್ದು 1906ರಲ್ಲಿ. ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ ಬಳಸಿದ ಪದದಿಂದ ಬಂದ 'ಇಂಟರೊಸೆಪ್ಷನ್' ಅನ್ನು ನಾವು ಒಳಅರಿವು ಎನ್ನಬಹುದು. ಕುತ್ತಿಗೆಯಿಂದ ಹೊಟ್ಟೆಗೆ ಇಳಿಯುವ ವೇಗಸ್ ನರದ ಬಹುಪಾಲು ತಂತುಗಳು ಸುದ್ದಿಯನ್ನು ಅಂಗಗಳಿಂದ ಮಿದುಳಿಗೆ ಒಯ್ಯುತ್ತವೆ. ಕೆಳಗೆ ಬರುವ ಅಪ್ಪಣೆ ಕಡಿಮೆ. ನಾಡಿ ಮುಟ್ಟದೆ ತನ್ನ ಎದೆಬಡಿತವನ್ನು ಎಣಿಸಲು ಹೇಳುವ ಪರೀಕ್ಷೆ 1981ರಿಂದ ಬಳಕೆಯಲ್ಲಿದೆ. ಕೆಲವರು ಹತ್ತಿರ ಹತ್ತಿರ ಎಣಿಸುತ್ತಾರೆ, ಹಲವರಿಗೆ ಏನೂ ಕೇಳಿಸುವುದಿಲ್ಲ.

ಕೇಳಿಸಿದರೂ ಎಲ್ಲವೂ ಸರಿಯಾದ ಜಾಗದಿಂದ ಕೇಳಿಸುವುದಿಲ್ಲ. ಯಕೃತ್ತಿನ ಒಳಗೆ ನೋವಿನ ನರಗಳಿಲ್ಲ, ಅದರ ಹೊದಿಕೆ ಹಿಗ್ಗಿದಾಗಲಷ್ಟೇ ನೋವು. ಕೊಬ್ಬು ತುಂಬುತ್ತಿರುವ ಯಕೃತ್ತು ವರ್ಷಗಟ್ಟಲೆ ಸುಮ್ಮನಿರುತ್ತದೆ. ದಿನಕ್ಕೆ ಸುಮಾರು 180 ಲೀಟರ್ ಸೋಸುವ ಮೂತ್ರಪಿಂಡಗಳೂ ಸೋಲುತ್ತಿರುವುದನ್ನು ಬೇಗ ಹೇಳಿಕೊಳ್ಳುವುದಿಲ್ಲ, ರಕ್ತಪರೀಕ್ಷೆಯೇ ಹೇಳಬೇಕು. ಹೃದಯದ ನೋವು ಎಡತೋಳಿನಲ್ಲಿ, ದವಡೆಯಲ್ಲಿ, ಹೊಟ್ಟೆಯ ಮೇಲ್ಭಾಗದಲ್ಲಿ ಕಾಣಿಸುತ್ತದೆ. ಹೊಳಲ್ಕೆರೆ ಕಡೆಯ ನನ್ನ ಸೋದರಮಾವ ದಿನವೂ ಧ್ಯಾನ ಮಾಡುತ್ತಿದ್ದರು, ತಮ್ಮ ಮೈ ತಮಗೆ ಗೊತ್ತು ಎನ್ನುತ್ತಿದ್ದರು. ಒಂದು ರಾತ್ರಿ ಎದೆಗುಳಿಯಲ್ಲಿ ಉರಿ ಬಂದಾಗ ಗ್ಯಾಸ್ ಎಂದುಕೊಂಡು ಜೀರಿಗೆ ನೀರು ಕುಡಿದು, ಹೊಟ್ಟೆಯ ಮೇಲೆ ಕೈಯಿಟ್ಟು ಉಸಿರಾಟದಲ್ಲಿ ಕುಳಿತರು. ಬೆಳಗಿನ ಜಾವ ದಾವಣಗೆರೆಗೆ ಕರೆತರುವಷ್ಟರಲ್ಲಿ ತಡವಾಗಿತ್ತು. ಅವರು ಮೈಯ ಮಾತನ್ನು ಕೇಳಿದ್ದರು. ಮಾತನಾಡಿದ್ದು ಹೊಟ್ಟೆಯಲ್ಲ, ಹೃದಯ ಎಂಬುದು ತಿಳಿಯಲಿಲ್ಲ, ಅಷ್ಟೇ.

ಶಿಕ್ಷಕಿಗೆ ಎಡ-ಬಲದ ವಿಷಯ ಹೇಳಿದೆ. ಬೇಸರಿಸಿಕೊಳ್ಳಲಿಲ್ಲ. ಮರುವಾರ ಎಲ್ಲರನ್ನೂ ಅಂಗಾತ ಮಲಗಿಸಿ, ಬಲಗಡೆಯ ಕೊನೆಯ ಪಕ್ಕೆಲುಬಿನ ಅಂಚನ್ನು ಬೆರಳಿನಿಂದ ಹುಡುಕಿಸಿದರು. ಆಳವಾಗಿ ಉಸಿರೆಳೆದಾಗ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪೊರೆಯಾದ ವಪೆ ಕೆಳಗಿಳಿದು ಯಕೃತ್ತನ್ನೂ ಕೆಳಕ್ಕೆ ತಳ್ಳುತ್ತದೆ. ವೈದ್ಯರು ಹೊಟ್ಟೆ ಒತ್ತಿ ನೋಡುವಾಗ "ಉಸಿರು ಎಳೆದುಕೊಳ್ಳಿ" ಎನ್ನುವುದು ಇದಕ್ಕೇ ಎಂದು ವಿವರಿಸಿದರು. ಆರೋಗ್ಯವಂತರಲ್ಲಿ ಅದು ಬೆರಳಿಗೆ ಸಿಗುವುದು ಅಪರೂಪ ಎಂದೂ ಹೇಳಿದರು. ನನ್ನ ಪಕ್ಕದಲ್ಲಿ ಮಲಗಿದ್ದ ಹಿರಿಯ ಮಹಿಳೆ ಕೈಯನ್ನು ಎಡದಿಂದ ಬಲಕ್ಕೆ ಸರಿಸಿ, ಮೂರು ಸಲ ಉಸಿರೆಳೆದು, ನನ್ನ ಕಡೆ ತಿರುಗಿದರು.

"ಇಲ್ಲಿದೆಯೇ ಇದು? ನನಗೆ ಅರವತ್ತೆರಡು ವರ್ಷವಾಯಿತು."