ಕ್ಯಾಮೆರಾ ಬಂದ ಮೇಲೆ ಹಾಡು ಯಾರಿಗೆ?

ವರ್ಷಗಟ್ಟಲೆ ಹೌಸ್‌ಫುಲ್ ಓಡಿದ ಸಂಗೀತ ನಾಟಕ ಸಿನಿಮಾ ಆದಾಗ ಯಾಕೆ ಸಪ್ಪೆಯಾಗುತ್ತದೆ? ಕಥೆ ಅದೇ, ಹಾಡೂ ಅದೇ. ಕೆಲವೊಮ್ಮೆ ನಟರೂ ಅವರೇ. ಉಡುಪಿ, ಮಂಗಳೂರಿನ ಕಾಲೇಜು ನಾಟಕ ತಂಡಗಳಿಗೆ ಹಾಡು ಕಲಿಸಲು ಹೋದಾಗ ಹುಡುಗರು ಈ ಪ್ರಶ್ನೆ ಕೇಳುತ್ತಲೇ ಇರುತ್ತಾರೆ. ಇವರು ನ್ಯೂಯಾರ್ಕಿನ ನಾಟಕಗಳ ಬೀದಿ ಬ್ರಾಡ್‌ವೇ ಕಂಡವರಲ್ಲ. ಹಾಡುಗಳನ್ನು ಫೋನಿನಲ್ಲಿ ಕೇಳಿ ಬಾಯಿಪಾಠ ಮಾಡಿದವರು. ಆಮೇಲೆ ಸಿನಿಮಾ ನೋಡಿ, "ಸರ್, ಇದರಲ್ಲಿ ಏನೋ ಕಮ್ಮಿ ಅಲ್ವಾ?" ಎನ್ನುತ್ತಾರೆ.

ಹೌದು, ಕಮ್ಮಿ. ಅದಕ್ಕೆ ಎಲ್ಲರೂ ಕೊಡುವ ಕಾರಣಗಳಿವೆ. ಸ್ಟಾರ್‌ಗೆ ಹಾಡಲು ಬರುವುದಿಲ್ಲ, ನಿರ್ದೇಶಕನಿಗೆ ರಂಗಭೂಮಿ ಗೊತ್ತಿಲ್ಲ, ದುಡ್ಡು ಜಾಸ್ತಿ ಆಯಿತು. ಇವೆಲ್ಲ ಸ್ವಲ್ಪ ಸ್ವಲ್ಪ ನಿಜ. ನಾನು ನಾಟಕಗಳಿಗೆ ಸಂಗೀತ ಮಾಡುತ್ತೇನೆ, ಸಿನಿಮಾಗಳ ಸೌಂಡ್ ಎಡಿಟಿಂಗನ್ನೂ ಮಾಡುತ್ತೇನೆ. ಎರಡೂ ಕಡೆ ಕೂತು ನೋಡುವ ನನಗೆ ಮೊದಲು ಕಾಣುವ ತೊಂದರೆಯೇ ಬೇರೆ. ಆ ಹಾಡನ್ನು ಯಾರಿಗಾಗಿ ಹಾಡುತ್ತಿದ್ದಾರೆ ಎಂಬುದು ಸಿನಿಮಾದಲ್ಲಿ ಗೊತ್ತಾಗುವುದಿಲ್ಲ.

ರಂಗದ ಮೇಲೆ ಈ ಪ್ರಶ್ನೆಯೇ ಏಳುವುದಿಲ್ಲ. ಎಂಜಿಎಂ ಕಾಲೇಜಿನ ರವೀಂದ್ರ ಮಂಟಪವಿರಲಿ, ಮಂಗಳೂರಿನ ಪುರಭವನವಿರಲಿ, ಹಾಡುವವಳು ಎದುರಿನ ಕತ್ತಲೆ ನೋಡಿ ಹಾಡುತ್ತಾಳೆ. ಆ ಕತ್ತಲೆಯಲ್ಲಿ ನಾವಿದ್ದೇವೆ. ಮಾತಾಡುತ್ತಿದ್ದವಳು ಇದ್ದಕ್ಕಿದ್ದಂತೆ ಹಾಡಿದ್ದೇಕೆ ಎಂದು ಯಾರೂ ಕೇಳುವುದಿಲ್ಲ. ಕರಾವಳಿಯವರಂತೂ ಕೇಳುವುದೇ ಇಲ್ಲ. ಯಕ್ಷಗಾನದಲ್ಲಿ ಭಾಗವತರು ಪದ ಹಾಡುತ್ತಾರೆ, ವೇಷಧಾರಿ ಕುಣಿಯುತ್ತಾರೆ, ಆಮೇಲೆ ಅರ್ಥ ಹೇಳುತ್ತಾರೆ. ಅರ್ಜುನನ ಪಾಡನ್ನು ಜಾಗಟೆ ಹಿಡಿದ ಇನ್ನೊಬ್ಬರು ಯಾಕೆ ಹಾಡಬೇಕು ಎಂದು ಚಿಕ್ಕ ಮಕ್ಕಳೂ ಕೇಳಿದ್ದಿಲ್ಲ. ಆಟ ಶುರುವಾದ ಹತ್ತು ನಿಮಿಷದಲ್ಲಿ ರಂಗಸ್ಥಳಕ್ಕೂ ನಮಗೂ ಒಂದು ಒಪ್ಪಂದ ಆಗಿಬಿಟ್ಟಿರುತ್ತದೆ.

ಕ್ಯಾಮೆರಾ ಬಂದ ಕೂಡಲೇ ನಾವು ಅಲ್ಲಿಂದ ಎದ್ದು ಹೋದ ಹಾಗೆ. ನಮ್ಮ ಜಾಗದಲ್ಲಿ ಒಂದು ಲೆನ್ಸ್ ಇದೆ, ಅದೂ ಕೈಯಳತೆಯ ದೂರದಲ್ಲಿ. ನಟಿ ಆ ಲೆನ್ಸ್ ನೋಡುವಂತಿಲ್ಲ. ಹಾಗಾದರೆ ಯಾರನ್ನು ನೋಡಿ ಹಾಡಬೇಕು? ನಿರ್ದೇಶಕ ಇಲ್ಲಿ ಹೊಸದಾಗಿ ಒಬ್ಬ ಕೇಳುಗನನ್ನು ಹುಡುಕಿ ಕೊಡಬೇಕು. ಹುಡುಕಿದವರ ಸಿನಿಮಾ ಗೆದ್ದಿದೆ.

ಬಾಬ್ ಫಾಸಿ ನಿರ್ದೇಶಿಸಿದ 'ಕ್ಯಾಬರೆ' ಸಿನಿಮಾ ನೋಡಿ. ನಾಟಕ 1966ರದು, ಸಿನಿಮಾ 1972ರದು. ನಾಟಕದಲ್ಲಿ ಪಾತ್ರಗಳು ಮನೆಯೊಳಗೂ ಹಾಡುತ್ತಿದ್ದವು. ಫಾಸಿ ಅಂಥ ಹಾಡುಗಳನ್ನು ಕೈಬಿಟ್ಟರು. ಒಂದನ್ನು ಬಿಟ್ಟು ಉಳಿದ ಹಾಡುಗಳೆಲ್ಲ ಬರ್ಲಿನ್ನಿನ ಒಂದು ನೈಟ್‌ಕ್ಲಬ್ಬಿನ ವೇದಿಕೆಯಲ್ಲೇ ನಡೆಯುತ್ತವೆ. ಕೇಳುಗರು ಯಾರು? ಕ್ಲಬ್ಬಿನ ಗಿರಾಕಿಗಳು. ಇಷ್ಟು ಸರಳ. ಹೊರಗೆ ಬಯಲಲ್ಲಿ ಬರುವ ಒಂದೇ ಒಂದು ಹಾಡು ನಾಜಿ ಹುಡುಗನದು. ಅಲ್ಲಿ ಸುತ್ತ ಕೂತವರು ಒಬ್ಬೊಬ್ಬರಾಗಿ ಎದ್ದು ದನಿಗೂಡಿಸುವಾಗ ಭಯವಾಗುತ್ತದೆ. ಯಾಕೆಂದರೆ ಕೇಳುಗರೇ ಹಾಡುವವರಾಗುತ್ತಿದ್ದಾರೆ. ಮೂಲಕ್ಕೆ ನಿಷ್ಠೆ ಇರಬೇಕು ಎನ್ನುವವರಿಗೆ ನಾನು ಈ ಸಿನಿಮಾ ತೋರಿಸುತ್ತೇನೆ. ಇಷ್ಟು ಹಾಡು ಕಳೆದುಕೊಂಡ ಸಿನಿಮಾ ಎಂಟು ಆಸ್ಕರ್ ಗೆದ್ದಿತು. 2002ರ 'ಶಿಕಾಗೋ' ಇದೇ ದಾರಿ ಹಿಡಿದು, ಹಾಡುಗಳನ್ನು ನಾಯಕಿಯ ತಲೆಯೊಳಗಿನ ವೇದಿಕೆಗೆ ಕಳಿಸಿತು.

ಇನ್ನು ಸೋತದ್ದಕ್ಕೆ ಬರೋಣ. ನನಗೆ ಅತಿ ಹೆಚ್ಚು ನೋವು ಕೊಟ್ಟದ್ದು 'ಎ ಕೋರಸ್ ಲೈನ್'. 1975ರಿಂದ 1990ರವರೆಗೆ ಬ್ರಾಡ್‌ವೇಯಲ್ಲಿ 6,137 ಪ್ರದರ್ಶನ ಕಂಡ ನಾಟಕ. ಕಥೆ ಅಂತ ಹೇಳಲು ಜಾಸ್ತಿ ಇಲ್ಲ. ಗುಂಪು ನೃತ್ಯಕ್ಕೆ ಆಯ್ಕೆ ನಡೆಯುತ್ತಿದೆ. ನರ್ತಕರು ನೆಲದ ಮೇಲಿನ ಒಂದು ಬಿಳಿ ಗೆರೆಯ ಮೇಲೆ ಸಾಲಾಗಿ ನಿಂತಿದ್ದಾರೆ. ನಿರ್ದೇಶಕ ಜ್ಯಾಕ್ ಪ್ರಶ್ನೆ ಕೇಳುತ್ತಾನೆ, ಅವರು ತಮ್ಮ ಬದುಕನ್ನು ಹೇಳಿಕೊಳ್ಳುತ್ತಾರೆ. ಇಲ್ಲಿ ನೋಡಬೇಕಾದ್ದು ಜ್ಯಾಕ್ ಎಲ್ಲಿದ್ದಾನೆ ಎಂಬುದು. ಬಹುಪಾಲು ಹೊತ್ತು ಅವನು ಕಾಣುವುದಿಲ್ಲ. ಪ್ರೇಕ್ಷಕರ ಹಿಂದಿನ ಕತ್ತಲೆಯಿಂದ ಅವನ ದನಿ ಮಾತ್ರ ಬರುತ್ತದೆ. ಅಂದರೆ ನರ್ತಕರು ಜ್ಯಾಕ್‌ಗೆ ಉತ್ತರ ಕೊಡುವಾಗ ನಮ್ಮ ಮುಖ ನೋಡುತ್ತಾರೆ. ನಮಗೆ ಕೆಲಸ ಕೇಳುತ್ತಿದ್ದಾರೆ. ಇವರಲ್ಲಿ ಯಾರನ್ನು ಇಟ್ಟುಕೊಳ್ಳುವುದು, ಯಾರನ್ನು ಮನೆಗೆ ಕಳಿಸುವುದು ಎಂದು ಟಿಕೆಟ್ ಕೊಟ್ಟು ಬಂದ ನಾವೇ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಿರುತ್ತೇವೆ. ಆ ಸಂಕಟವೇ ಇಡೀ ನಾಟಕ.

1985ರಲ್ಲಿ ರಿಚರ್ಡ್ ಅಟೆನ್‌ಬರೋ ಇದನ್ನು ಸಿನಿಮಾ ಮಾಡಿದರು. 'ಗಾಂಧಿ' ಮಾಡಿದವರೇ. ಜ್ಯಾಕ್ ಪಾತ್ರಕ್ಕೆ ಮೈಕಲ್ ಡಗ್ಲಸ್ ಬಂದರು. ದೊಡ್ಡ ನಟ ಬಂದ ಮೇಲೆ ತೋರಿಸದೆ ಇರಲು ಆಗುತ್ತದೆಯೇ? ಖಾಲಿ ಥಿಯೇಟರಿನಲ್ಲಿ ಕೂತ ಜ್ಯಾಕ್‌ನ ಮುಖಕ್ಕೆ ಮತ್ತೆ ಮತ್ತೆ ಕಟ್ ಆಗುತ್ತದೆ. ಅಲ್ಲಿಗೆ ನಮ್ಮ ಕುರ್ಚಿಯಲ್ಲಿ ಬೇರೆಯವರು ಕೂತಾಯಿತು. ಈಗ ನರ್ತಕರು ಅವನಿಗೆ ಹೇಳುತ್ತಾರೆ, ನಾವು ಪಕ್ಕದಲ್ಲಿ ನಿಂತು ನೋಡುತ್ತೇವೆ. ಸಾಲದ್ದಕ್ಕೆ ಜ್ಯಾಕ್ ಮತ್ತು ನರ್ತಕಿ ಕ್ಯಾಸಿಯ ಹಳೆಯ ಪ್ರೀತಿಯನ್ನು ಫ್ಲ್ಯಾಶ್‌ಬ್ಯಾಕ್ ಹಾಕಿ ಹಿಗ್ಗಿಸಿದರು. ನಾಟಕದ ಕೊನೆಯ ಭಾಗದಲ್ಲಿ ಒಂದು ಹಾಡಿದೆ. ಕುಣಿಯಲು ಆಗದ ದಿನ ಬಂದರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಗೆ ನರ್ತಕರ ಉತ್ತರ ಅದು. ಕುಣಿತದ ಮೇಲಿನ ಪ್ರೀತಿಗಾಗಿ ಮಾಡಿದ್ದಕ್ಕೆ ಪಶ್ಚಾತ್ತಾಪ ಇಲ್ಲ ಎನ್ನುವ ಹಾಡು. ಡಯಾನಾ ಎಂಬ ನರ್ತಕಿ ಶುರು ಮಾಡುತ್ತಾಳೆ, ಉಳಿದವರು ಸೇರುತ್ತಾರೆ. ಸಿನಿಮಾದಲ್ಲಿ ಅದನ್ನು ಕ್ಯಾಸಿಗೆ ಕೊಟ್ಟು ಜ್ಯಾಕ್ ಮೇಲಿನ ಪ್ರೇಮಗೀತೆ ಮಾಡಿಬಿಟ್ಟರು. ಪದ ಬದಲಿಸಲಿಲ್ಲ, ರಾಗ ಬದಲಿಸಲಿಲ್ಲ. ಯಾರಿಗೆ ಹಾಡುವುದು ಎಂಬುದನ್ನು ಮಾತ್ರ ಬದಲಿಸಿದರು. ಹಾಡು ಸತ್ತೇ ಹೋಯಿತು. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

'ದ ಫ್ಯಾಂಟಮ್ ಆಫ್ ದಿ ಆಪೆರಾ' ನಾಟಕದಲ್ಲಿ ಆ ದೊಡ್ಡ ತೂಗುದೀಪ ಪ್ರೇಕ್ಷಕರ ತಲೆಯ ಮೇಲೆ ತೂಗುತ್ತಿರುತ್ತದೆ. ಮೊದಲ ಅಂಕ ಮುಗಿಯುವಾಗ ಬೀಳುತ್ತದೆ. 2004ರ ಸಿನಿಮಾ ಅದನ್ನು ಕ್ಲೈಮ್ಯಾಕ್ಸಿಗೆ ಒಯ್ದು, ಬೆಂಕಿಯನ್ನೂ ಸೇರಿಸಿತು. ನೋಡಲು ಭರ್ಜರಿ. ಆದರೆ ಅದು ಬೀಳುವುದು ತೆರೆಯ ಒಳಗಿನವರ ಮೇಲೆ. ನಮ್ಮ ತಲೆ ಭದ್ರ.

ಇನ್ನೊಂದು ತೊಂದರೆ ಎಡಿಟಿಂಗ್ ಟೇಬಲ್ ಮುಂದೆ ಕೂತವರಿಗೆ ಮಾತ್ರ ಚೆನ್ನಾಗಿ ಗೊತ್ತು. ನಾಟಕದ ಹಾಡು ಚಪ್ಪಾಳೆಗೆಂದೇ ಕಟ್ಟಿದ್ದು. ಕೊನೆಗೆ ಒಂದು ಗಟ್ಟಿ ಪೆಟ್ಟು ಬೀಳುತ್ತದೆ, ನಟ ಕೈ ಮೇಲೆತ್ತಿ ನಿಲ್ಲುತ್ತಾನೆ, ಸಭೆ ಚಪ್ಪಾಳೆ ತಟ್ಟುತ್ತದೆ. ಕಂಪನಿ ನಾಟಕಗಳ ಕಾಲದಲ್ಲಿ 'ವನ್ಸ್ ಮೋರ್' ಕೂಗಿದರೆ ಇನ್ನೊಮ್ಮೆ ಹಾಡುತ್ತಿದ್ದರು. ಆ ಚಪ್ಪಾಳೆಯ ಹೊತ್ತಿನಲ್ಲಿ ನಟ ಉಸಿರು ತೆಗೆದುಕೊಳ್ಳುತ್ತಾನೆ, ನಾವೂ ಮುಂದಿನ ದೃಶ್ಯಕ್ಕೆ ತಯಾರಾಗುತ್ತೇವೆ. ಸಿನಿಮಾ ಹಾಲಿನಲ್ಲಿ ಚಪ್ಪಾಳೆ ಬೀಳುವುದಿಲ್ಲ. ಹಾಡು ಮುಗಿದ ಮೇಲೆ ಎರಡು ಸೆಕೆಂಡು ಮೌನ. ಆ ಎರಡು ಸೆಕೆಂಡಿನಲ್ಲಿ ನಟ ಪೆಚ್ಚಾಗಿ ನಿಂತ ಹಾಗೆ ಕಾಣುತ್ತದೆ. ನೋಡುವವರಿಗೆ ಯಾಕೋ ಮುಜುಗರ.

ನಮ್ಮಲ್ಲಿ ತುಳು ನಾಟಕ ಸಿನಿಮಾ ಆಗುವಾಗ ನಗುವಿನ ವಿಷಯದಲ್ಲಿ ಇದೇ ಆಗುತ್ತದೆ. ಪುರಭವನದಲ್ಲಿ ನಟ ಜೋಕ್ ಹೇಳಿ, ನಗು ಇಳಿಯುವವರೆಗೆ ಕಾದು ಮುಂದಿನ ಮಾತು ಹೇಳುತ್ತಾನೆ. ಎಷ್ಟು ಕಾಯಬೇಕು ಎಂದು ಸಭೆಯೇ ಅವನಿಗೆ ಹೇಳುತ್ತದೆ. ಶೂಟಿಂಗಿನಲ್ಲಿ ಅಷ್ಟೇ ಹೊತ್ತು ಕಾದರೆ ನಮ್ಮ ಟೇಬಲ್ಲಿಗೆ ಬರುವುದು ಸದ್ದಿಲ್ಲದ ತೂತು. ನಾನು ಅಂಥ ಜಾಗದಲ್ಲಿ ಮುಂದಿನ ದೃಶ್ಯದ ಸದ್ದನ್ನು ಮೊದಲೇ ಎಳೆದು ತರುತ್ತೇನೆ. ಬಸ್ಸಿನ ಹಾರ್ನ್, ಬಾಗಿಲು, ಯಾರದೋ ಮಾತು, ಏನಾದರೂ. ಕ್ಯಾಬರೆ, ಶಿಕಾಗೋ ಎರಡರಲ್ಲೂ ಹಾಡು ಕೇಳುವವರು ಕಥೆಯೊಳಗೇ ಇರುವುದರಿಂದ ಚಪ್ಪಾಳೆಯೂ ಒಳಗಿಂದಲೇ ಬರುತ್ತದೆ. ತೂತು ತಾನಾಗಿ ಮುಚ್ಚುತ್ತದೆ.

ನಟರೇ ಬೆಕ್ಕುಗಳಾಗಿ ಹಾಡಿ ಕುಣಿಯುವ 'ಕ್ಯಾಟ್ಸ್' ಸಿನಿಮಾ ಬಗ್ಗೆ ಎಲ್ಲರೂ ನಕ್ಕು ಮುಗಿಸಿದ್ದಾರೆ. 2019ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಗ್ರಾಫಿಕ್ಸ್ ತಿದ್ದಿದ ಹೊಸ ಪ್ರತಿಯನ್ನು ಥಿಯೇಟರುಗಳಿಗೆ ಕಳಿಸಬೇಕಾಯಿತು. ನನಗೆ ನಗು ಬರಲಿಲ್ಲ. ಅಷ್ಟು ಜನ ನರ್ತಕರ ಬೆವರು ಅದರಲ್ಲಿದೆ. 1981ರಲ್ಲಿ ಲಂಡನ್ನಿನಲ್ಲಿ ಶುರುವಾದ ಆ ನಾಟಕದಲ್ಲಿ ಮೈಗಂಟುವ ಉಡುಪು, ಮುಖಕ್ಕೆ ಬಣ್ಣ, ತಲೆಗೆ ವಿಗ್. ರಂಗಸಜ್ಜಿಕೆಯ ಕಸದ ರಾಶಿಯನ್ನು ದೊಡ್ಡದಾಗಿ ಮಾಡಿದ್ದರಿಂದ ಮನುಷ್ಯರು ಬೆಕ್ಕಿನ ಗಾತ್ರಕ್ಕೆ ಇಳಿಯುತ್ತಿದ್ದರು. ಬೆಕ್ಕುಗಳು ಪ್ರೇಕ್ಷಕರ ನಡುವೆ ಓಡಾಡಿ, ಕಣ್ಣಲ್ಲಿ ಕಣ್ಣಿಟ್ಟು, ನೇರವಾಗಿ ನಮಗೇ ಹಾಡುತ್ತಿದ್ದವು. ಯಕ್ಷಗಾನದ 'ದೇವಿ ಮಹಾತ್ಮೆ'ಯಲ್ಲಿ ಮಹಿಷಾಸುರ ಸಭೆಯ ಹಿಂದಿನಿಂದ ಬೆಂಕಿ ಹಾರಿಸುತ್ತ ಬರುವುದನ್ನು ನೋಡಿದವರಿಗೆ ಇದು ಎಂಥ ಅನುಭವ ಎಂದು ವಿವರಿಸಬೇಕಿಲ್ಲ. ಕೊಂಬು ಕಟ್ಟಿಕೊಂಡ ಮನುಷ್ಯ ಎಂದು ನಮಗೆ ಗೊತ್ತು. ಆದರೂ ಎದೆ ಹೊಡೆದುಕೊಳ್ಳುತ್ತದೆ. ಅರ್ಧ ಕೆಲಸವನ್ನು ನಮ್ಮ ಮನಸ್ಸು ಮಾಡುತ್ತದೆ.

ಸಿನಿಮಾ ಆ ಅರ್ಧ ಕೆಲಸವನ್ನೂ ಕಂಪ್ಯೂಟರಿಗೆ ಕೊಟ್ಟಿತು. ಒಂದೊಂದು ರೋಮವನ್ನೂ ಬಿಡಿಸಿತು. ನಮಗೆ ಮಾಡಲು ಏನೂ ಉಳಿಯಲಿಲ್ಲ. ಹಾಡು ಕೇಳುವವರು ಬೇಕು ಎಂಬುದು ನಿರ್ದೇಶಕ ಟಾಮ್ ಹೂಪರ್‌ಗೆ ಗೊತ್ತಿತ್ತು. ಅದಕ್ಕೇ ವಿಕ್ಟೋರಿಯಾ ಎಂಬ ಬಿಳಿ ಬೆಕ್ಕನ್ನು ಮುಂದೆ ತಂದು, ಉಳಿದ ಬೆಕ್ಕುಗಳು ಅವಳಿಗೆ ಹಾಡುವಂತೆ ಮಾಡಿದರು. ಯೋಚನೆ ಸರಿಯೇ. ಆದರೆ ಅವಳಿಗೆ ಬೇಕಾದ್ದೇನು ಎಂದು ಕಥೆ ಹೇಳುವುದಿಲ್ಲ. ಸುಮ್ನೆ ಕಣ್ಣರಳಿಸಿ ನೋಡುತ್ತಾಳೆ.

ಇದೇ ಹೂಪರ್ 2012ರಲ್ಲಿ 'ಲೇ ಮಿಸರಾಬ್ಲ್' ಮಾಡಿದ್ದರು. ಅದನ್ನು ಪೂರ್ತಿ ಸೋಲು ಎನ್ನಲಾರೆ. ಸಾಮಾನ್ಯವಾಗಿ ಹಾಡನ್ನು ಮೊದಲು ಸ್ಟುಡಿಯೋದಲ್ಲಿ ಮುದ್ರಿಸಿ, ಶೂಟಿಂಗ್ ದಿನ ಸ್ಪೀಕರಿನಲ್ಲಿ ಹಾಕುತ್ತಾರೆ. ನಟರು ತುಟಿ ಕೂಡಿಸುತ್ತಾರೆ. ನಮ್ಮಲ್ಲಿ ಹಿಂದೆ ಅದಕ್ಕೆ ನಾಗ್ರಾ ಎಂಬ ಟೇಪ್ ರೆಕಾರ್ಡರ್ ಬಳಸುತ್ತಿದ್ದರು, ಈಗ ಲ್ಯಾಪ್‌ಟಾಪ್ ಸಾಕು. ಹೂಪರ್ ಸೆಟ್ಟಿನಲ್ಲೇ ಹಾಡಿಸಿದರು. ನಟರ ಕಿವಿಯಲ್ಲಿ ಸಣ್ಣ ಇಯರ್‌ಪೀಸ್, ಅದರಲ್ಲಿ ಪಿಯಾನೋ. ವಾದ್ಯವೃಂದವನ್ನು ಆಮೇಲೆ ಸೇರಿಸಿದರು. ಇದರ ಲಾಭ ಏನೆಂದರೆ ಕಾಲ ಹಾಡುವವರ ಕೈಯಲ್ಲಿರುತ್ತದೆ. ಅಳು ಬಂದರೆ ನಿಲ್ಲಬಹುದು, ಉಸಿರು ಎಳೆಯಬಹುದು. ಆನ್ ಹ್ಯಾಥವೇ ತಮ್ಮ ಹಾಡನ್ನು ಹಾಗೆಯೇ ಹಾಡಿದರು. ಕ್ಯಾಮೆರಾ ಮುಖ ಬಿಟ್ಟು ಕದಲುವುದಿಲ್ಲ. ಆ ಪಾತ್ರದ ಹೆಣ್ಣಿಗೆ ಜಗತ್ತಿನಲ್ಲಿ ಯಾರೂ ಇಲ್ಲ, ಅವಳು ತನಗೆ ತಾನೇ ಹಾಡಿಕೊಳ್ಳುತ್ತಿದ್ದಾಳೆ. ಅಷ್ಟು ಹತ್ತಿರದ ಕ್ಯಾಮೆರಾ ಅಲ್ಲಿ ಸರಿ. ಅವರಿಗೆ ಆಸ್ಕರ್ ಬಂತು.

ತೊಂದರೆ ಎಂದರೆ ಅದೇ ಕ್ಲೋಸಪ್ ಎಲ್ಲ ಹಾಡಿಗೂ ಬಂತು. ಮೊದಲ ಅಂಕದ ಕೊನೆಗೆ ಬೇರೆ ಬೇರೆ ಕಡೆ ಇರುವ ಪಾತ್ರಗಳು ಒಟ್ಟಿಗೆ ಹಾಡುವ ಹಾಡಿದೆ. ರಂಗದ ಮೇಲೆ ಎಲ್ಲರೂ ಒಂದೇ ಜಾಗದಲ್ಲಿ, ಒಂದೇ ಹೆಜ್ಜೆ ಹಾಕುತ್ತ ನಮ್ಮ ಕಡೆ ಬರುತ್ತಾರೆ. ಸಿನಿಮಾದಲ್ಲಿ ಮುಖದಿಂದ ಮುಖಕ್ಕೆ ಕಟ್. ದನಿಗಳು ಕೂಡುತ್ತವೆ, ಜನ ಕೂಡುವುದಿಲ್ಲ. ಸೆಟ್ಟಿನಲ್ಲಿ ಹಾಡಿಸಿದ ಮಾತ್ರಕ್ಕೆ ಹಾಡು ಸತ್ಯವಾಗುವುದಿಲ್ಲ ಎಂದು ನನ್ನ ಗಟ್ಟಿ ಅಭಿಪ್ರಾಯ. 1961ರ 'ವೆಸ್ಟ್ ಸೈಡ್ ಸ್ಟೋರಿ'ಯಲ್ಲಿ ನಟಾಲಿ ವುಡ್‌ಗೆ ದನಿ ಕೊಟ್ಟವರು ಮಾರ್ನಿ ನಿಕ್ಸನ್. ಆ ಹಾಡುಗಳು ಇವತ್ತಿಗೂ ಜೀವಂತ. ಹಿನ್ನೆಲೆ ಗಾಯನ ಕೇಳಿ ಬೆಳೆದ ನಮಗೆ ಇದು ವಿಚಿತ್ರವೂ ಅಲ್ಲ.

ದೂರ ಕಡಿಮೆಯಾದಾಗ ವಯಸ್ಸೂ ಕಾಣುತ್ತದೆ. 'ಡಿಯರ್ ಎವನ್ ಹ್ಯಾನ್ಸೆನ್' ನಾಟಕಕ್ಕೆ ಬ್ರಾಡ್‌ವೇಯ ಟೋನಿ ಪ್ರಶಸ್ತಿ ಪಡೆದ ಬೆನ್ ಪ್ಲಾಟ್, 2021ರ ಸಿನಿಮಾದಲ್ಲೂ ಅದೇ ಹೈಸ್ಕೂಲ್ ಹುಡುಗನ ಪಾತ್ರ ಮಾಡಿದರು. ರಂಗದ ಮೇಲೆ ಯಾರೂ ವಯಸ್ಸು ಕೇಳುವುದಿಲ್ಲ. ಐವತ್ತು ದಾಟಿದ ಗಂಡಸು ದಮಯಂತಿಯಾಗಿ ಬಂದರೆ ನಮಗೆ ದಮಯಂತಿಯೇ ಕಾಣುವುದು. ಕ್ಲೋಸಪ್ಪಿಗೆ ಆ ಔದಾರ್ಯ ಇಲ್ಲ.

'ರೆಂಟ್' ಸಿನಿಮಾ ಇನ್ನೊಂದು ರೀತಿಯಲ್ಲಿ ಎಡವಿತು. ನಾಟಕ ಹೆಚ್ಚುಕಡಿಮೆ ಪೂರ್ತಿ ಹಾಡಿನಲ್ಲೇ ನಡೆಯುತ್ತದೆ. 2005ರ ಸಿನಿಮಾ ನಡುವಿನ ಹಲವು ಹಾಡುಮಾತುಗಳನ್ನು ಬರೀ ಮಾತು ಮಾಡಿತು. ಆದರೆ ಪ್ರಾಸ ಅಲ್ಲಲ್ಲಿ ಹಾಗೇ ಉಳಿಯಿತು. ಹಾಡಿಗೆ ನಾಚಿಕೊಂಡು ಮಾತಿಗೆ ಇಳಿದರೆ ಆಮೇಲೆ ಬರುವ ಪ್ರತಿ ಹಾಡಿಗೂ ಮತ್ತೆ ಅನುಮತಿ ಕೇಳಬೇಕಾಗುತ್ತದೆ.

ಹಾಗಾದರೆ ನಮ್ಮ ನಾಟಕವನ್ನು ಸುಮ್ಮನೆ ವಿಡಿಯೋ ಮಾಡಿದರೆ ಸಾಕೇ ಎಂದು ತಂಡದವರು ಕೇಳುತ್ತಾರೆ. 2016ರಲ್ಲಿ ರಂಗದ ಮೇಲೆಯೇ ಚಿತ್ರೀಕರಿಸಿ 2020ರಲ್ಲಿ ಬಿಟ್ಟ ಬ್ರಾಡ್‌ವೇ ನಾಟಕ 'ಹ್ಯಾಮಿಲ್ಟನ್' ಅವರ ಮನಸ್ಸಿನಲ್ಲಿರುತ್ತದೆ. ಅದರಲ್ಲಿ ಸಭೆಯ ನಗು, ಚಪ್ಪಾಳೆ ಎಲ್ಲ ಇದೆ, ಹಾಡು ಯಾರಿಗೆ ಎಂಬ ಅನುಮಾನವೇ ಬರುವುದಿಲ್ಲ. ಮಾಡಿ ಎಂದೇ ನಾನು ಹೇಳುತ್ತೇನೆ. ಆದರೆ ನಮ್ಮ ಹೆಚ್ಚಿನ ರೆಕಾರ್ಡಿಂಗುಗಳಲ್ಲಿ ಮಿಕ್ಸರಿನಿಂದ ನೇರ ಲೈನ್ ತೆಗೆದುಕೊಂಡು ಬಿಡುತ್ತಾರೆ. ನಟರ ಮೈಕಿನ ದನಿ ಬರುತ್ತದೆ, ಸಭೆ ಮಾಯ. ಬಾವಿಯೊಳಗೆ ಹಾಡಿದಂತೆ ಕೇಳಿಸುತ್ತದೆ. ರಂಗದ ಎರಡು ಅಂಚಿನಲ್ಲಿ ಎರಡು ಮೈಕ್‌ಗಳನ್ನು ಪ್ರೇಕ್ಷಕರ ಕಡೆ ತಿರುಗಿಸಿ ಇಡಿ, ಸ್ಪೀಕರುಗಳಿಂದ ದೂರ. ಅವುಗಳಿಗೆ ಬೇರೆ ಟ್ರ್ಯಾಕ್ ಕೊಡಿ. ಎಡಿಟ್ ಮಾಡುವ ಹುಡುಗ ಗದ್ದಲ ಎಂದು ಅದನ್ನು ತೆಗೆಯಲು ಹೊರಟರೆ ಬೇಡ ಅನ್ನಿ. ಕೆಮ್ಮು ಇರಲಿ, ಮಗುವಿನ ಅಳು ಇರಲಿ.