ಜಿ-ಎಚ್ ಜೋಡಿ: ಬರೆಯಬೇಕು, ಆದರೆ ಓದಬಾರದು

ಇಂಗ್ಲಿಷ್ ಸ್ಪೆಲಿಂಗಿನಲ್ಲಿ ನನಗೆ ಜಾಸ್ತಿ ಕಾಟ ಕೊಟ್ಟದ್ದು ಜಿ-ಎಚ್ ಜೋಡಿ. ನೈಟ್, ಡಾಟರ್ ಪದಗಳಲ್ಲಿ ಅದು ಸುಮ್ನೆ ಕೂತಿರುತ್ತದೆ. ಕಾಫ್, ರಫ್ ಪದಗಳಲ್ಲಿ ಫ ಆಗುತ್ತದೆ. ಘೋಸ್ಟ್ ಪದದಲ್ಲಿ ಬರೀ ಗ. ಬಾಯಿಪಾಠ ಮಾಡಿ ಮಾಡಿ ಸಾಕಾಗಿತ್ತು. ಇದು ಎಲ್ಲಿಂದ ಬಂತು ಅಂತ ತಿಳಿದ ಮೇಲೆ ಅರ್ಧ ಭಾರ ಇಳಿಯಿತು.

ಹಳೆಯ ಇಂಗ್ಲಿಷಿನಲ್ಲಿ ಗಂಟಲಿನಿಂದ ಬರುವ ಒಂದು ಶಬ್ದ ಇತ್ತು. ಉರ್ದು ಬಲ್ಲವರು 'ಖಬರ್' ಅನ್ನುವಾಗ ಗಂಟಲು ಉಜ್ಜಿ ಖ ಹೇಳುತ್ತಾರಲ್ಲ, ಹೆಚ್ಚುಕಮ್ಮಿ ಹಾಗೆ. ಆಗ ಅದನ್ನು ಬರೀ ಎಚ್ ಹಾಕಿ ಬರೆಯುತ್ತಿದ್ದರು. 1066ರಲ್ಲಿ ಫ್ರಾನ್ಸ್ ಕಡೆಯ ನಾರ್ಮನ್ನರು ಇಂಗ್ಲೆಂಡ್ ಗೆದ್ದರು. ಫ್ರೆಂಚ್ ರೂಢಿಯ ಬರಹಗಾರರು ಬಂದರು. ಅವರ ಕಾಲದಲ್ಲಿ ಆ ಶಬ್ದಕ್ಕೆ ಜಿ-ಎಚ್ ಬರೆಯುವುದು ನಿಧಾನಕ್ಕೆ ರೂಢಿಯಾಯಿತು. ಮುಂದೆ ಜನರ ಬಾಯಿಂದ ಆ ಶಬ್ದವೇ ಮಾಯವಾಯಿತು. ಅಷ್ಟರಲ್ಲಿ ಅಚ್ಚಿನ ಮನೆ ಬಂದು ಸ್ಪೆಲಿಂಗು ಗಟ್ಟಿಯಾಗತೊಡಗಿತ್ತು. ಹೀಗಾಗಿ ಶಬ್ದ ಹೋಯಿತು, ಅಕ್ಷರ ಉಳಿಯಿತು. ಜರ್ಮನರು ರಾತ್ರಿಗೆ ಈಗಲೂ 'ನಾಖ್ಟ್' ಅನ್ನುತ್ತಾರೆ. ಸ್ಕಾಟ್ಲೆಂಡಿನ ಆಡುಮಾತಿನಲ್ಲೂ 'ನಿಖ್ಟ್' ಉಳಿದಿದೆ.

ನಮ್ಮಲ್ಲೂ ಶಬ್ದಗಳು ಬದಲಾಗಿವೆ, ಅಲ್ವಾ? ಹಳಗನ್ನಡದ ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು. ಆದರೆ ನಾವು ಬರೆಯುವುದನ್ನೂ ಬದಲಾಯಿಸಿಕೊಂಡೆವು. ೞ ಶಬ್ದ ಹೋದಾಗ ಅಕ್ಷರವನ್ನೇ ಬಿಟ್ಟುಬಿಟ್ಟೆವು. ಕೋೞಿ ಈಗ ಕೋಳಿ. ಇಂಗ್ಲಿಷಿನವರದ್ದು ಬಾಯಲ್ಲಿ ಹಾಲು, ಕಾಗದದ ಮೇಲೆ ಪಾಲ್.

ಈಗ ಪರೀಕ್ಷೆಗೆ ಬೇಕಾದದ್ದು. ಜಿ-ಎಚ್ ಆದ ಮೇಲೆ ಟಿ ಬಂದರೆ ಜಿ-ಎಚ್ ಮೂಕ. ಲೈಟ್, ರೈಟ್, ಫೈಟ್, ಏಟ್, ವೇಟ್, ಹೈಟ್, ಸ್ಟ್ರೇಟ್, ಥಾಟ್ ಎಲ್ಲಕ್ಕೂ ಇದೇ ಮಾತು. ತಪ್ಪಿಸಿಕೊಳ್ಳುವವು ಮುಖ್ಯವಾಗಿ ಎರಡೇ. ಒಂದು ಲಾಫ್ಟರ್. ಇನ್ನೊಂದು ಡಿ-ಆರ್-ಎ-ಯು-ಜಿ-ಎಚ್-ಟಿ ಎಂದು ಬರೆಯುವ ಡ್ರಾಫ್ಟ್. ಡಾಟರ್ ಪದದ ಡಿ ತೆಗೆದು ಎಲ್ ಹಾಕಿದರೆ ಲಾಫ್ಟರ್. ಒಂದೇ ಅಕ್ಷರಕ್ಕೆ ಮಗಳು ಹೋಗಿ ನಗು ಬಂತು, ಉಚ್ಚಾರವೂ ಕೆಟ್ಟಿತು!

ಭೂತಕಾಲದ ಕ್ರಿಯಾಪದಗಳಲ್ಲಿ ಎ-ಯು ಬರಬೇಕೋ ಓ-ಯು ಬರಬೇಕೋ ಅನ್ನುವುದು ಇನ್ನೊಂದು ಗೊಂದಲ. ಮೂಲ ಪದ ನೋಡಿ. ಟೀಚ್, ಕ್ಯಾಚ್ ಎರಡರ ಸ್ಪೆಲಿಂಗಿನಲ್ಲೂ ಎ ಇದೆ. ಅದಕ್ಕೇ ಟಾಟ್, ಕಾಟ್ ಪದಗಳಲ್ಲಿ ಎ-ಯು. ಬೈ, ಬ್ರಿಂಗ್, ಥಿಂಕ್, ಸೀಕ್, ಫೈಟ್ ಇವುಗಳಲ್ಲಿ ಎ ಇಲ್ಲ, ಆದ್ದರಿಂದ ಓ-ಯು. 'ಬಾಟ್' ಮತ್ತು 'ಬ್ರಾಟ್' ಅದಲುಬದಲು ಮಾಡುವವರು ಬ್ರಿಂಗ್ ಪದದ ಆರ್ ನೆನಪಿಡಿ. ತಂದದ್ದರಲ್ಲಿ ಆರ್ ಇದೆ, ಕೊಂಡದ್ದರಲ್ಲಿ ಇಲ್ಲ.

ನನಗೆ ತುಂಬಾ ಇಷ್ಟವಾದ ಭಾಗ ಇದು. ಇಂಗ್ಲಿಷಿನ ನೈಟ್ ಮತ್ತು ಸಂಸ್ಕೃತದ ನಕ್ತ ಒಂದೇ ಬೇರಿನ ಪದಗಳು. ಏಟ್ ಮತ್ತು ಅಷ್ಟ ಹಾಗೇ. ಡಾಟರ್ ನಮ್ಮ ಓದಿನಲ್ಲಿ ಬರುವ ದುಹಿತೃವಿನ ನೆಂಟಳು. ಹಗುರ ಅನ್ನುವ ಅರ್ಥದ ಲೈಟ್ ನಮ್ಮ ಲಘುವಿನ ನೆಂಟ. ಬೆಳಕಿನ ಲೈಟ್ ಬೇರೆ ಪದ, ಎರಡನ್ನೂ ಸೇರಿಸಬೇಡಿ. ಲ್ಯಾಟಿನ್ ಕಡೆಯ ನೆಂಟರಲ್ಲಿ ಜಿ-ಎಚ್-ಟಿ ಇರುವ ಜಾಗಕ್ಕೆ ಸಿ-ಟಿ ಬರುತ್ತದೆ. ನೈಟ್‌ಗೆ ನಾಕ್ಟರ್ನಲ್. ಏಟ್‌ಗೆ ಅಕ್ಟೋಬರ್, ಏಕೆಂದರೆ ರೋಮನ್ನರ ಹಳೆಯ ಕ್ಯಾಲೆಂಡರಿನಲ್ಲಿ ಅದು ಎಂಟನೇ ತಿಂಗಳು. ರೈಟ್ ಆ್ಯಂಗಲ್ ಇರುವ ಆಕೃತಿ ರೆಕ್ಟ್ಯಾಂಗಲ್. ಒಂದು ಗೊತ್ತಿದ್ದರೆ ಇನ್ನೊಂದರ ಸ್ಪೆಲಿಂಗು ತಾನೇ ಬರುತ್ತದೆ.

ಓ-ಯು-ಜಿ-ಎಚ್ ಮಾತ್ರ ನಿಜವಾದ ತಲೆನೋವು. ದೋ, ಥ್ರೂ, ಮರದ ಕೊಂಬೆಗೆ ಹೇಳುವ ಬೌ, ಟಫ್, ಕಾಫ್ ಎಲ್ಲದರ ಕೊನೆಯಲ್ಲೂ ಈ ನಾಲ್ಕೇ ಅಕ್ಷರ. ಫ ಬರುವವು ಕಡಿಮೆ. ರಫ್, ಟಫ್, ಇನಫ್, ಕಾಫ್, ದನದ ತೊಟ್ಟಿಗೆ ಹೇಳುವ ಟ್ರಾಫ್. ಎ-ಯು ಇರುವ ಲಾಫ್ ಅನ್ನೂ ಸೇರಿಸಿದರೆ ಆರು. ದಿನಬಳಕೆಗೆ ಇಷ್ಟು ಸಾಕು.

ಕೆಲವು ಕಳ್ಳ ಪದಗಳೂ ಇವೆ. ಡಿಲೈಟ್ ಫ್ರೆಂಚ್ ಮೂಲದ್ದು, ಅದರಲ್ಲಿ ಗಂಟಲಿನ ಶಬ್ದ ಎಂದೂ ಇರಲಿಲ್ಲ. ಲೈಟ್ ನೋಡಿ ಜಿ-ಎಚ್ ತುರುಕಿದರು. ಘೋಸ್ಟ್ ಪದದಲ್ಲೂ ಮೊದಲು ಎಚ್ ಇರಲಿಲ್ಲ. 1476ರಲ್ಲಿ ಲಂಡನ್ ಪಕ್ಕದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚಿನ ಮನೆ ತೆರೆದ ವಿಲಿಯಂ ಕ್ಯಾಕ್ಸ್‌ಟನ್ ಅದಕ್ಕೂ ಮೊದಲು ಬಹಳ ವರ್ಷ ಈಗಿನ ಬೆಲ್ಜಿಯಂನ ಬ್ರೂಜ್ ಊರಿನಲ್ಲಿದ್ದವನು. ಅಲ್ಲಿನ ಫ್ಲೆಮಿಶ್ ಭಾಷೆಯ ಸ್ಪೆಲಿಂಗಿನ ಪ್ರಭಾವದಿಂದ ಎಚ್ ಬಂತು ಎನ್ನುತ್ತಾರೆ. ನಾವು ಘೋಸ್ಟ್ ಎಂದು ಮಹಾಪ್ರಾಣ ಬರೆದರೂ ಇಂಗ್ಲಿಷಿನವರ ಬಾಯಲ್ಲಿ ಗ ಮಾತ್ರ. ನಮ್ಮ ಕಡೆಯಿಂದ ಹೋದ ಘೀ, ಘಾಟ್ ಕೂಡ ಅಲ್ಲಿ ಗೀ, ಗಾಟ್.

ಪದದ ಮೊದಲಲ್ಲಿ ಜಿ-ಎಚ್ ಬಂದರೆ ಗ ಎಂದೇ ಓದಿ. ಈ ನಿಯಮ ಗೊತ್ತಿದ್ದರೆ ಒಂದು ಹಳೆಯ ಜೋಕೂ ಬಿದ್ದುಹೋಗುತ್ತದೆ. ಜಿ-ಎಚ್-ಓ-ಟಿ-ಐ ಎಂದು ಬರೆದು ಫಿಶ್ ಎಂದು ಓದಬಹುದಂತೆ. ಇನಫ್ ಪದದ ಫ, ವಿಮೆನ್ ಪದದ ಇ, ನೇಷನ್ ಪದದ ಶ. ಇದನ್ನು ನಾಟಕಕಾರ ಬರ್ನಾರ್ಡ್ ಶಾ ತಲೆಗೆ ಕಟ್ಟುತ್ತಾರೆ. ಆದರೆ ಶಾ ಹುಟ್ಟಿದ್ದು 1856ರಲ್ಲಿ, ಜೋಕು 1855ರ ಒಂದು ಪತ್ರದಲ್ಲೇ ಇದೆ. ಅದಿರಲಿ, ಮೊದಲಲ್ಲಿ ಬಂದ ಜಿ-ಎಚ್ ಫ ಆಗುವುದೇ ಇಲ್ಲ. ಆ ಮೀನನ್ನು 'ಗೋಟಿ' ಎಂದೇ ಓದಬೇಕು.