ಅಕ್ಷರ ಎಲ್ಲಾ ಗೊತ್ತು, ಪದ ಮಾತ್ರ ಓದಲ್ಲ: ಆಟಿಸಂ ಇರುವ ಮಗುವಿಗೆ ಮನೆಯಲ್ಲೇ ಓದು ಕಲಿಸೋದು ಹೇಗೆ?

ಪ್ರಶ್ನೆ: ನನ್ನ ಮಗನಿಗೆ ಏಳು ವರ್ಷ. ಆಟಿಸಂ ಇದೆ. ಮಾತು ಸ್ವಲ್ಪ ಸ್ವಲ್ಪ ಬರುತ್ತದೆ. ಶಾಲೆಯ ಗಲಾಟೆಗೆ ಕಿವಿ ಮುಚ್ಚಿಕೊಂಡು ಅಳುತ್ತಿದ್ದ. ಹಾಗಾಗಿ ಹೋದ ವರ್ಷದಿಂದ ಮನೆಯಲ್ಲೇ ಕಲಿಸುತ್ತಿದ್ದೇನೆ. ಅ ಇಂದ ಳ ವರೆಗೆ ಎಲ್ಲಾ ಅಕ್ಷರ ಗುರುತಿಸುತ್ತಾನೆ. ಆದರೆ ಎರಡು ಅಕ್ಷರ ಸೇರಿಸಿ ಓದು ಅಂದರೆ ಎದ್ದು ಓಡುತ್ತಾನೆ. ಅಡುಗೆಮನೆಗೆ ಹೋಗಿ ಕುಕ್ಕರ್ ನೋಡುತ್ತಾ ನಿಂತುಬಿಡುತ್ತಾನೆ. ಇವನಿಗೆ ಓದು ಬರುತ್ತಾ? ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನೀವೇನೂ ತಪ್ಪಿಲ್ಲ. ನಾವೆಲ್ಲ ಕಲಿತ ದಾರಿಯಲ್ಲೇ ಮಗನನ್ನೂ ಕರೆದುಕೊಂಡು ಹೊರಟಿದ್ದೀರಿ, ಅಷ್ಟೇ. ಮೊದಲು ವರ್ಣಮಾಲೆ, ಆಮೇಲೆ ಕಾಗುಣಿತ, ಆಮೇಲೆ ಒತ್ತಕ್ಷರ, ಕೊನೆಗೆ ಪದ. ಈ ದಾರಿ ಎಷ್ಟು ಉದ್ದ ಅಂತ ಒಮ್ಮೆ ಲೆಕ್ಕ ಹಾಕಿ. 34 ವ್ಯಂಜನ. ಒಂದೊಂದಕ್ಕೂ ಕ ದಿಂದ ಕಃ ವರೆಗೆ 15 ರೂಪ. ಅಲ್ಲಿಗೇ 510 ಆಯಿತು. ಒತ್ತಕ್ಷರ ಇನ್ನೂ ಶುರುವೇ ಆಗಿಲ್ಲ. ಇಷ್ಟೆಲ್ಲ ಮುಗಿದ ಮೇಲೆ ಓದಿನ ರುಚಿ ಸಿಗುತ್ತದೆ ಅಂದರೆ ಯಾವ ಮಗು ತಾನೇ ಕಾಯುತ್ತದೆ?

ಇನ್ನೊಂದು ವಿಷಯ. ಕನ್ನಡ ಓದು ಕಲಿಯುವ ಮಕ್ಕಳ ಬಗ್ಗೆ ಸೋನಾಲಿ ನಾಗ್ ಅನ್ನುವ ಸಂಶೋಧಕಿ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಂಗ್ಲಿಷಿನ 26 ಅಕ್ಷರದ ಹಾಗೆ ನಮ್ಮ ಅಕ್ಷರಗಳು ಒಂದೆರಡು ವರ್ಷದಲ್ಲಿ ಮುಗಿಯುವುದಿಲ್ಲ. ಮೂರನೇ, ನಾಲ್ಕನೇ ಕ್ಲಾಸಿನಲ್ಲೂ ಮಕ್ಕಳು ಅವನ್ನು ಕಲಿಯುತ್ತಲೇ ಇರುತ್ತಾರೆ ಅನ್ನುವುದು ಅದರಲ್ಲಿ ಕಂಡಿತು. ನಿಮ್ಮ ಮಗನಿಗೆ ಏಳು. ಪಕ್ಕದ ಮನೆಯ ಹುಡುಗ ಇಂಗ್ಲಿಷ್ ರೈಮ್ಸ್ ಓದುತ್ತಾನೆ ಅಂತ ಇವನ ಕನ್ನಡವನ್ನು ಅಳೆಯಬೇಡಿ.

ಈಗ ಮೊದಲ ಕೆಲಸ. ಓದು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಅಂತ ಪತ್ತೆ ಮಾಡಬೇಕು. 1986ರಲ್ಲಿ ಗಫ್ ಮತ್ತು ಟನ್ಮರ್ ಅನ್ನುವ ಇಬ್ಬರು ಸಂಶೋಧಕರು ಒಂದು ಸರಳ ಲೆಕ್ಕ ಕೊಟ್ಟರು. ಅಕ್ಷರ ಬಿಡಿಸಿ ಉಚ್ಚರಿಸುವ ಶಕ್ತಿ ಒಂದು, ಮಾತು ಕೇಳಿ ಅರ್ಥ ಮಾಡಿಕೊಳ್ಳುವ ಶಕ್ತಿ ಇನ್ನೊಂದು. ಇವೆರಡನ್ನು ಗುಣಿಸಿದರೆ ಬರುವುದೇ ಓದು. ಕೂಡುವುದಲ್ಲ, ಗುಣಿಸುವುದು. ಒಂದು ಸೊನ್ನೆಯಾದರೆ ಉತ್ತರವೂ ಸೊನ್ನೆ.

ಮನೆಯಲ್ಲೇ ನೋಡಬಹುದು. ಪುಸ್ತಕ ಬೇಡ. ಸುಮ್ನೆ ಬಾಯಲ್ಲಿ ಹೇಳಿ: "ಚಮಚ ಲೋಟದೊಳಗೆ ಹಾಕು." ಕೈಸನ್ನೆ ಮಾಡಬೇಡಿ, ಲೋಟದ ಕಡೆ ನೋಡಲೂ ಬೇಡಿ. ಹಾಕಿದನಾ? ಹಾಗಾದರೆ ಮಾತು ತಿಳಿಯುತ್ತಿದೆ, ತೊಂದರೆ ಇರುವುದು ಅಕ್ಷರ ಸೇರಿಸುವುದರಲ್ಲಿ. ಹಾಕಲಿಲ್ಲ, ಚಮಚ ಹಿಡಿದು ಸುಮ್ಮನೆ ನಿಂತ ಅಂದರೆ ಮೊದಲು ಮಾತಿನ ಮೇಲೆ ಕೆಲಸ ಮಾಡಬೇಕು. ಕೇಳಿದಾಗ ತಿಳಿಯದ ವಾಕ್ಯ ಓದಿದಾಗ ತಿಳಿಯುವುದು ಹೇಗೆ? ಆಟಿಸಂ ಇರುವ ಕೆಲವು ಮಕ್ಕಳದು ಅಕ್ಷರ ಸೇರಿಸುವ ಕಷ್ಟದ ಉಲ್ಟಾ. ಮೂರು ವರ್ಷಕ್ಕೇ ಅಂಗಡಿ ಬೋರ್ಡೆಲ್ಲ ಗಡಗಡ ಓದುತ್ತವೆ, ಅರ್ಥ ಮಾತ್ರ ಇಲ್ಲ. ಅದಕ್ಕೆ ಹೈಪರ್‌ಲೆಕ್ಸಿಯಾ ಅನ್ನುತ್ತಾರೆ. ನೆಂಟರೆಲ್ಲ ಬುದ್ಧಿವಂತ ಅಂತ ಬೆನ್ನು ತಟ್ಟುತ್ತಾರೆ, ಹಾಗಾಗಿ ಆ ಮಕ್ಕಳ ಕಷ್ಟ ಬೇಗ ಯಾರ ಕಣ್ಣಿಗೂ ಬೀಳುವುದಿಲ್ಲ.

ಪರೀಕ್ಷೆ ಮಾಡುವಾಗ ಬಾಯಿ ಬಿಡಿಸಲೇಬೇಕು ಅಂತಿಲ್ಲ. ಮಾತು ಕಡಿಮೆ ಇರುವ ಮಗುವಿಗೆ "ಇದೇನು ಓದು" ಅಂದರೆ ಓದಿನ ಜೊತೆ ಮಾತಿನ ಪರೀಕ್ಷೆಯೂ ಆಗಿಹೋಗುತ್ತದೆ. ಮೂರು ಚೀಟಿ ಇಟ್ಟು "ಹಾಲು ಯಾವುದು?" ಅಂತ ಕೇಳಿ. ಬೆರಳು ತೋರಿಸಿದರೆ ಸಾಕು. ಕೈ ಹಿಡಿದು ತೋರಿಸಬೇಡಿ. ಹಾಗೆ ಬಂದ ಉತ್ತರ ಅವನದೋ ನಿಮ್ಮದೋ ಗೊತ್ತಾಗುವುದಿಲ್ಲ. ಕಣ್ಣು, ಕಿವಿ ತೋರಿಸಿಲ್ಲದಿದ್ದರೆ ಒಮ್ಮೆ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣ ಪರೀಕ್ಷೆ, ಮಾತಿನ ತರಬೇತಿ ಎರಡೂ ಇವೆ.

ನಿಮ್ಮ ಪ್ರಶ್ನೆ ನೋಡಿದರೆ ಮಗನದು ಅಕ್ಷರ ಸೇರಿಸುವ ಕಷ್ಟವೇ ಇರಬೇಕು ಅನ್ನಿಸುತ್ತದೆ. ಅದನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ.

ಇಂಥ ಮಕ್ಕಳ ಮನೆಗೆ ಹೋಗಿ ಕಲಿಸುವುದು ನನ್ನ ಕೆಲಸ. ಒಬ್ಬ ಹುಡುಗನಿಗೆ ಬಸ್ ಅಂದರೆ ಪ್ರಾಣ. ಕಾಗುಣಿತದ ಪುಸ್ತಕ ತೆಗೆದರೆ ಮಂಚದ ಕೆಳಗೆ ನುಸುಳುತ್ತಿದ್ದ. ನಾನು ಹಳೇ ಕ್ಯಾಲೆಂಡರಿನ ಹಿಂಬದಿ ಕತ್ತರಿಸಿ, ದಪ್ಪ ಮಾರ್ಕರಿನಲ್ಲಿ ಬಸ್ ಬೋರ್ಡು ಬರೆದೆ. ಮೊದಲ ಬೋರ್ಡು ಹಾಸನ. ಮೂರೇ ಅಕ್ಷರ, ಒಂದೇ ಒಂದು ದೀರ್ಘ. ಅದನ್ನು ಆಟದ ಬಸ್ಸಿನ ಮುಂದೆ ಸಿಕ್ಕಿಸಿದರೆ ಮಾತ್ರ ಬಸ್ಸು ಹೊರಡುತ್ತದೆ. ಒಂದು ವಾರ ಅದೊಂದೇ. ಆಮೇಲೆ ಬೇಲೂರು, ಕಡೂರು. ಎರಡರ ಕೊನೆಯಲ್ಲೂ ಊರು. ನಮ್ಮ ಊರಿನ ಹೆಸರುಗಳು ಎಂಥ ಒಳ್ಳೇ ಪಠ್ಯಪುಸ್ತಕ ನೋಡಿ! ಒಂದು ದಿನ ಅವನೇ ಡೂ ಅಕ್ಷರದ ಕೊಂಬಿನ ಮೇಲೆ ಬೆರಳಿಟ್ಟ. ಪಕ್ಕದ ಚೀಟಿಯ ಲೂ ಮೇಲೂ ಇಟ್ಟ. ಮತ್ತೆ ಇಲ್ಲಿ, ಮತ್ತೆ ಅಲ್ಲಿ. ನಾನು "ಊ" ಅಂದೆ, ಬೇರೇನೂ ಹೇಳಲಿಲ್ಲ. ಎರಡು ವಾರ ಬಿಟ್ಟು ತುಮಕೂರು ಬರೆದಿಟ್ಟೆ. ಆ ಚೀಟಿಯನ್ನು ಅವನು ಅಲ್ಲಿಯವರೆಗೆ ನೋಡಿರಲಿಲ್ಲ. ತುಂಬಾ ಹೊತ್ತು ನೋಡಿ "ಮಕೂರು" ಅಂದ. ತು ಬಿಟ್ಟುಹೋಗಿತ್ತು. ನಾನು ತಿದ್ದಲಿಲ್ಲ, ಬಸ್ಸು ಹೊರಡಲಿ ಅಂತ ಬಿಟ್ಟೆ.

ಅವನ ಅಜ್ಜಿಗೆ ಇದು ಹಿಡಿಸಲಿಲ್ಲ. "ಮೇಡಂ, ಇದು ಓದಾ, ಆಟಾನಾ?" ಅಂತ ಕೇಳಿದರು. ಎರಡೂ ಹೌದು.

ನಿಮ್ಮ ಮನೆಯ ಬಸ್ಸು ಕುಕ್ಕರ್. ಓಡಿಹೋಗಿ ಅದರ ಮುಂದೆ ನಿಂತರೆ ಅಲ್ಲೇ ಪಾಠ ಶುರು ಮಾಡಿ. ಕೈಗೆ ಸಿಗದ ಹಾಗೆ, ಬಿಸಿ ತಾಗದಷ್ಟು ದೂರದಲ್ಲಿ ನಿಲ್ಲಿಸಿಕೊಂಡು. ಅಡುಗೆಮನೆಯ ಡಬ್ಬಿಗಳ ಮೇಲೆ ಚೀಟಿ ಅಂಟಿಸಿ: ಬೇಳೆ, ರವೆ, ರಾಗಿ, ಜೀರಿಗೆ. ಉಪ್ಪು, ಸಕ್ಕರೆ, ಅಕ್ಕಿ ಈಗಲೇ ಬೇಡ, ಒತ್ತು ಬರುತ್ತದೆ. ದಿನಕ್ಕೆ ಎರಡೇ ಪದ. "ರಾಗಿ ಡಬ್ಬಿ ಕೊಡು" ಅನ್ನುತ್ತಾ ಚೀಟಿ ತೋರಿಸಿ. ಮೊದಮೊದಲು ನೀವೇ ಸರಿಯಾದ ಡಬ್ಬಿ ಅವನ ಹತ್ತಿರ ಇಡಿ, ತಪ್ಪಾಗಲು ಜಾಗವೇ ಇರಬಾರದು. ನಿಧಾನಕ್ಕೆ ದೂರ ಸರಿಸಿ. ಪದ ಗುರುತಾದ ಮೇಲೆ ಕತ್ತರಿ ತೆಗೆದುಕೊಂಡು ಚೀಟಿಯನ್ನು ರಾ, ಗಿ ಅಂತ ಎರಡು ತುಂಡು ಮಾಡಿ, ಅವನ ಕೈಯಲ್ಲೇ ಜೋಡಿಸಿ. ಇಡೀ ಪದದಿಂದ ಅಕ್ಷರಕ್ಕೆ ಬರುವುದು ಅಂದರೆ ಇದೇ. ಆದರೆ ಇಡೀ ಪದದಲ್ಲೇ ನಿಂತುಬಿಡಬೇಡಿ. ನೂರು ಪದ ಬಾಯಿಪಾಠವಾಗಿ ನೂರ ಒಂದನೆಯದು ಓದಲು ಬಾರದ ಮಕ್ಕಳನ್ನೂ ನೋಡಿದ್ದೇನೆ. ಕತ್ತರಿಸುವುದು, ಜೋಡಿಸುವುದು, ರಾ ಜೊತೆಗೆ ಜ ಇಟ್ಟು ರಾಜ ಮಾಡುವುದು ನಡೆಯುತ್ತಲೇ ಇರಬೇಕು.

ಪ ಮತ್ತು ವ, ಮ ಮತ್ತು ಯ, ದ ಮತ್ತು ಧ ಒಂದೇ ವಾರ ಕಲಿಸಬೇಡಿ. ಒಂದು ಗಟ್ಟಿಯಾಗಲಿ, ಇನ್ನೊಂದು ಆಮೇಲೆ.

ಒತ್ತಕ್ಷರದ ವಿಷಯಕ್ಕೆ ಬಂದರೆ, ಅಲ್ಲಿರುವ ತೊಡಕು ದೊಡ್ಡವರಾದ ನಮಗೆ ಕಾಣುವುದೇ ಇಲ್ಲ. ಆಸ್ತಿ ಅಂತ ಬರೆದು ನೋಡಿ. ಕಣ್ಣಿಗೆ ಕಾಣುವುದು ಮೇಲೆ ಸಿ, ಕೆಳಗೆ ತ. ಗುಡಿಸು ಇರುವುದು ಸಕಾರದ ಮೇಲೆ. ಬಾಯಲ್ಲಿ ಇಕಾರ ಬರುವುದು ತಕಾರ ಆದ ಮೇಲೆ. ಕಂಡದ್ದನ್ನು ಕಂಡ ಹಾಗೇ ಹೇಳುವ ಮಗು "ಆಸಿತ" ಅನ್ನುತ್ತದೆ. ಅದು ತಪ್ಪಲ್ಲ, ನಿಯಮ ಗೊತ್ತಿಲ್ಲ ಅಷ್ಟೇ. ಇಂಥ ಮಕ್ಕಳಿಗೆ ನಿಯಮ ಅಂದರೆ ಇಷ್ಟ. ಅಕ್ಕ, ಅಪ್ಪ, ಅಣ್ಣ ಇಂದ ಶುರು ಮಾಡಿ. ಮೇಲೆ ಕೆಳಗೆ ಒಂದೇ ಅಕ್ಷರ, ಸ್ವರದ ಚಿಹ್ನೆಯೂ ಇಲ್ಲ. ಆಮೇಲೆ ಹಳ್ಳಿ, ಬೆಕ್ಕು. ಬೇರೆ ಬೇರೆ ಅಕ್ಷರ ಕೂಡುವ ಆಸ್ತಿ, ಪುಸ್ತಕ ಎಲ್ಲಾ ತುಂಬಾ ತಡವಾಗಿ. ಅರ್ಕಾವೊತ್ತನ್ನು ಸದ್ಯ ಮರೆತೇಬಿಡಿ. ಮೊದಲು ಉಚ್ಚರಿಸಿ ಆಮೇಲೆ ಬರೆಯುವ ಆ ಒತ್ತು ನಮ್ಮಂಥವರನ್ನೇ ಆಟ ಆಡಿಸುತ್ತದೆ.

ಇನ್ನು ಪುಸ್ತಕದ ಭಾಷೆ. ಮನೆಯಲ್ಲಿ "ಅಪ್ಪ ಬಂದ್ರು" ಅನ್ನುತ್ತೇವೆ. ಪುಸ್ತಕದಲ್ಲಿ "ತಂದೆಯವರು ಬಂದರು" ಅಂತ ಇರುತ್ತದೆ. ಬೇರೆ ಮಕ್ಕಳು ಹೇಗೋ ಹೊಂದಿಸಿಕೊಳ್ಳುತ್ತವೆ. ನಿಮ್ಮ ಮಗನಿಗೆ ಇವು ಎರಡು ಬೇರೆ ಭಾಷೆ. ಹಾಗಾಗಿ ಮೊದಲ ಪುಸ್ತಕ ನೀವೇ ಮಾಡಿ. ಪುಟಕ್ಕೊಂದು ಫೋಟೋ, ಕೆಳಗೆ ಅವನ ಕಿವಿಗೆ ದಿನಾ ಬೀಳುವ ಮಾತು. "ಅಮ್ಮ ಕುಕ್ಕರ್ ಇಟ್ಟಳು." "ಕುಕ್ಕರ್ ಕೂಗಿತು." ಕುಕ್ಕರ್ ಒತ್ತಕ್ಷರದ ಪದ, ಮೇಲಿನ ನನ್ನ ನಿಯಮಕ್ಕೆ ವಿರುದ್ಧ. ಇರಲಿ. ಪ್ರೀತಿಯ ಪದಕ್ಕೆ ರಿಯಾಯಿತಿ ಉಂಟು. ಆಮೇಲೆ ಬೇರೆ ಪುಸ್ತಕ ಬೇಕಾದರೆ ಪ್ರಥಮ್ ಬುಕ್ಸ್ ಪ್ರಕಾಶನದವರ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ, ಒಂದನೇ ಹಂತದವು ಪುಟಕ್ಕೆ ಒಂದೆರಡೇ ವಾಕ್ಯ.

"ಒಂದೇ ಭಾಷೆ ಇಟ್ಟುಕೊಳ್ಳಿ, ಇಂಗ್ಲಿಷ್ ಮಾತ್ರ ಮಾತಾಡಿ" ಅಂತ ಯಾರಾದರೂ ಹೇಳಿದ್ದರೆ ಅದನ್ನು ಪಕ್ಕಕ್ಕಿಡಿ. ಎರಡು ಭಾಷೆ ಕೇಳಿ ಬೆಳೆದದ್ದರಿಂದ ಆಟಿಸಂ ಇರುವ ಮಕ್ಕಳ ಮಾತು ಇನ್ನಷ್ಟು ಹಿಂದೆ ಬೀಳುತ್ತದೆ ಅನ್ನುವುದಕ್ಕೆ ಸಂಶೋಧನೆಗಳಲ್ಲಿ ಆಧಾರ ಸಿಕ್ಕಿಲ್ಲ. ಅಜ್ಜಿ ತಾತನ ಜೊತೆ ಮಾತಾಡಲು ಅವನಿಗೆ ಕನ್ನಡ ಬೇಕು. ನಿಮಗೆ ಸಲೀಸಾಗಿ ಬರುವ ಭಾಷೆಯಲ್ಲಿ ಕಲಿಸಿದರೆ ನಿಮಗೂ ಆಯಾಸ ಕಡಿಮೆ.

ಎಷ್ಟು ಹೊತ್ತು? ಐದು ನಿಮಿಷ, ದಿನಕ್ಕೆ ಮೂರು ಸಲ. ಒಂದು ಗಂಟೆ ಕೂರಿಸಿ ಅಳಿಸುವುದಕ್ಕಿಂತ ಇದು ಎಷ್ಟೋ ವಾಸಿ. ಒಂದು ಹಲಗೆಯ ಮೇಲೆ ಎರಡು ಚಿತ್ರ ಇಡಿ: ಮೊದಲು ಚೀಟಿ, ಆಮೇಲೆ ಉಯ್ಯಾಲೆ. ಮುಗಿಯುವುದು ಯಾವಾಗ ಅಂತ ಕಣ್ಣಿಗೆ ಕಂಡರೆ ಓಡುವುದು ಕಡಿಮೆಯಾಗುತ್ತದೆ. ಕೂತೇ ಓದಬೇಕು ಅಂತ ಯಾರೂ ಶಾಸನ ಬರೆದಿಲ್ಲ. ನಿಂತು ಓದಲಿ, ಉಯ್ಯಾಲೆಯ ಮೇಲೆ ಓದಲಿ. ಆ ಹೊತ್ತಿಗೆ ಟಿವಿ, ಮಿಕ್ಸಿ ಸುಮ್ಮನಿರಲಿ. ಹುಷಾರಿಲ್ಲದ ದಿನ, ಅಥವಾ ನಿಮಗೇ ಸಾಕಾದ ದಿನ ರಜ. ಮೂರು ತಿಂಗಳಲ್ಲಿ ಓದಿಸುತ್ತೇವೆ, ಆಟಿಸಂ ವಾಸಿ ಮಾಡುತ್ತೇವೆ ಅನ್ನುವ ಜಾಹೀರಾತಿಗೆ ಮಾತ್ರ ದುಡ್ಡು ಸುರಿಯಬೇಡಿ.

ಕಾಗದಪತ್ರದ ಮಾತೂ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಪ್ರಶ್ನೆ ಅದೇ ಇರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಮನೆಪಾಠಕ್ಕೆ ಅಂತ ಬೇರೆ ನೋಂದಣಿ ಇಲ್ಲ. ಅದನ್ನು ಅಪರಾಧ ಅಂತಲೂ ಹೇಳಿಲ್ಲ. ಆಟಿಸಂ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹೆಸರಿಸಿದ 21 ಬಗೆಯ ವಿಕಲತೆಗಳಲ್ಲಿ ಒಂದು. ವಿಕಲತೆ ಶೇಕಡಾ 40 ಅಥವಾ ಜಾಸ್ತಿ ಅಂತ ಪ್ರಮಾಣಪತ್ರ ಇದ್ದರೆ 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದುವ ಹಕ್ಕು ಇದೆ. ಹಾಗಾಗಿ ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ಗುರುತಿನ ಚೀಟಿ, ಮಾಡಿಸಿಲ್ಲದಿದ್ದರೆ ಮಾಡಿಸಿ. ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ, ಶಾಲೆಗೆ ಹೋಗಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ ಅಂತ ಒಂದು ಭಾಗ ಇದೆ. ನಿಮ್ಮ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ (ಬಿಆರ್‌ಸಿ) ಹೋಗಿ, ಇಂಥ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರು (ಬಿಐಇಆರ್‌ಟಿ) ಯಾರು ಅಂತ ಕೇಳಿ. ಮುಂದೆ 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲೆ (ಎನ್‌ಐಒಎಸ್) ಮೂಲಕ ಹತ್ತನೇ ಕ್ಲಾಸ್ ಕಟ್ಟಬಹುದು. ಅದು ದೂರದ ಮಾತು. ಶಾಲೆಯಲ್ಲಿ ಹೆಸರು ಇನ್ನೂ ಇದ್ದರೆ ತೆಗೆಸಬೇಡಿ. ಈಗ ಗಲಾಟೆ ಅಂತ ಅಳುವ ಮಗು ಒಂಬತ್ತಕ್ಕೆ ಅರ್ಧ ದಿನ ಹೋಗಿ ಕೂರಬಹುದು.

"ಇವನಿಗೆ ಓದು ಬರುತ್ತಾ" ಅಂತ ಕೇಳಿದ್ದೀರಿ. ಎಷ್ಟು ಬರುತ್ತದೆ ಅಂತ ಇಲ್ಲಿ ಕೂತು ನಾನು ಹೇಳಲಾರೆ. ಆದರೆ ಅ ಇಂದ ಳ ವರೆಗೆ ಗುರುತಿಸುವ ಕಣ್ಣು ಇದೆ, ಕುಕ್ಕರ್ ಮುಂದೆ ನಿಂತು ಕೂಗಿಗೆ ಕಾಯುವ ತಾಳ್ಮೆ ಇದೆ. ನಾಳೆ ಬೆಳಗ್ಗೆ ಕುಕ್ಕರ್ ಇಡುವ ಮೊದಲು ಮೂರು ಚೀಟಿ ಬರೆದಿಡಿ: ಬೇಳೆ, ರವೆ, ರಾಗಿ. ಬೇಳೆ ಚೀಟಿ ತಂದುಕೊಟ್ಟರೆ ಮಾತ್ರ ಒಲೆ ಹಚ್ಚಿ. ಮೊದಲ ನಾಲ್ಕು ದಿನ ನೀವೇ ಅವನ ಕೈಗೆ ಚೀಟಿ ಕೊಡಬೇಕಾಗುತ್ತದೆ. ಐದನೇ ದಿನ ಚೀಟಿ ಮೇಜಿನ ಮೇಲೆ ಇಟ್ಟು, ತಿರುಗಿ ನಿಂತುಕೊಂಡು ಈರುಳ್ಳಿ ಹೆಚ್ಚುತ್ತಿರಿ.